ಪೋಖರಾ ಟ್ರೆಕ್‌ಗೆ ಗುಂಪಿನಲ್ಲಿ ಹೋಗ್ತಿದ್ದೀರಾ? ದುಡ್ಡು ಕಟ್ಟುವ ಮೊದಲು ಓದಿ

ದಸರಾ ರಜೆ ಹತ್ತಿರ ಬಂತು ಅಂದರೆ "ನೇಪಾಳ ಟ್ರೆಕ್, ಎಲ್ಲ ಸೇರಿ ಇಷ್ಟೇ" ಅನ್ನುವ ಪೋಸ್ಟರ್‌ಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಅಂಥದ್ದೇ ಒಂದು ಗುಂಪಿನ ಜೊತೆ ಪೂನ್ ಹಿಲ್ ಹತ್ತಲು ಹೋಗಿದ್ದೆ. 3,210 ಮೀಟರ್ ಬೆಟ್ಟ ಕಾಡಲಿಲ್ಲ. ಕಾಡಿದ್ದು ಪೋಖರಾದಲ್ಲಿ ಬಸ್ ಇಳಿದ ಮೇಲೆ.

ಗೋರಖ್‌ಪುರದವರೆಗೆ ರೈಲು, ಸೋನೌಲಿಯಲ್ಲಿ ಗಡಿ ದಾಟಿ ಬಸ್. "ಆಧಾರ್ ಇದ್ರೆ ಸಾಕು" ಅಂದಿದ್ದರು ಬೆಂಗಳೂರಿನ ಆಯೋಜಕರು. ಇದು ತಪ್ಪು ಮಾಹಿತಿ. 15ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಗಡಿಯಲ್ಲಿ ಅಂದು ಯಾರೂ ಸರಿಯಾಗಿ ನೋಡಲಿಲ್ಲ, ದಾಟಿದೆವು. ಬುಟ್ವಲ್ ಆದ ಮೇಲೆ ರಸ್ತೆ ಬರೀ ತಿರುವು. ಪೋಖರಾದಲ್ಲಿ ಹೋಟೆಲ್‌ಗಳಿರುವ ಲೇಕ್‌ಸೈಡ್ ಮುಟ್ಟುವಾಗ ರಾತ್ರಿಯಾಗಿತ್ತು. ಫೇವಾ ಕೆರೆ ಎಲ್ಲಿದೆ ಅಂತಲೂ ಕಾಣಲಿಲ್ಲ.

ಹೋಟೆಲಿನವರು ರಿಜಿಸ್ಟರ್ ನೋಡಿ, "ನಿಮಗೆ ಅಂತ ರೂಮ್ ಕೇಳಿದ್ದರು, ಅಡ್ವಾನ್ಸ್ ಕಳಿಸಲೇ ಇಲ್ಲ" ಅಂದರು. ಅವರಲ್ಲೂ ದಶೈಂ ಹಬ್ಬ, ಸೀಸನ್ ಬೇರೆ. ರೂಮ್‌ಗಳೆಲ್ಲ ಭರ್ತಿ. ಆಯೋಜಕರಿಗೆ ಫೋನ್ ಮಾಡಿದರೆ "ಟೆನ್ಷನ್ ತಗೋಬೇಡಿ ಬ್ರೋ, ಹತ್ತು ನಿಮಿಷ" ಅಂತ ಉತ್ತರ. ಆಮೇಲೆ ಫೋನ್ ಸ್ವಿಚ್ ಆಫ್.

ಅಷ್ಟರಲ್ಲಿ ಒಬ್ಬ ಬಂದ. ತಾನು ಇಲ್ಲಿನ ಏಜೆನ್ಸಿಯವನು, ಬೆಂಗಳೂರಿಂದ ತನಗೆ ಇನ್ನೂ ದುಡ್ಡು ಬಂದಿಲ್ಲ ಅಂದ. ಬೇರೆ ಕಡೆ ರೂಮ್ ಕೊಡಿಸುತ್ತೇನೆ, ಪರ್ಮಿಟ್ಟಿಗೆ ತಲೆಗೆ ಐದು ಸಾವಿರ ಕೊಡಿ, ಐಡಿಗಳೂ ನನ್ನ ಹತ್ತಿರ ಇರಲಿ ಅಂತ ಹೇಳಿದ. ಸುಸ್ತಾಗಿದ್ದ ಕೆಲವರು ಪರ್ಸ್ ತೆಗೆದೇ ಬಿಟ್ಟರು. ನಮ್ಮ ಜೊತೆಗಿದ್ದ, ಬ್ಯಾಂಕಿನಿಂದ ರಿಟೈರ್ ಆದ ಅಕ್ಕ ಒಬ್ಬರು ತಡೆದು, "ಐಸಿನಾ, ಎನ್‌ಸಿನಾ?" ಅಂತ ಕೇಳಿದರು. ನೇಪಾಳದಲ್ಲಿ ಇದನ್ನು ಕೇಳದೆ ದುಡ್ಡು ಕೊಡಲೇಬೇಡಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ನಮ್ಮ 100 ಅವರ 160ಕ್ಕೆ ಸಮ. ಆತ ಕೇಳಿದ್ದು ಐಸಿ.

ರೂಮ್ ಬಾಡಿಗೆ ಮಾತ್ರ ಕೊಟ್ಟೆವು. ಐಡಿ ಯಾರೂ ಕೊಡಲಿಲ್ಲ. ಮರುದಿನ ಡ್ಯಾಮ್‌ಸೈಡ್‌ನ ಪರ್ಮಿಟ್ ಆಫೀಸಿಗೆ ನಾವೇ ಹೋದೆವು. ಪೂನ್ ಹಿಲ್ ಇರೋದು ಅನ್ನಪೂರ್ಣ ಸಂರಕ್ಷಣಾ ಪ್ರದೇಶದಲ್ಲಿ. ಅದರ ಪರ್ಮಿಟ್ ಭಾರತವೂ ಸೇರಿದಂತೆ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟದ) ದೇಶದವರಿಗೆ 1,000 ಎನ್‌ಸಿ. ನಮ್ಮ ದುಡ್ಡಲ್ಲಿ 625 ರೂಪಾಯಿ, ಅಷ್ಟೇ! ಐದು ಸಾವಿರ ಎಲ್ಲಿ, ಇದೆಲ್ಲಿ? ಪಾಸ್‌ಪೋರ್ಟ್ ಸೈಜಿನ ಫೋಟೋ ಜೊತೆಗಿಟ್ಟುಕೊಳ್ಳಿ, ಬೇಕಾಗುತ್ತದೆ.

ಗೈಡ್ ವಿಷಯದಲ್ಲೂ ಅದೇ ಕಥೆ. 2023ರ ಏಪ್ರಿಲ್‌ನಿಂದ ವಿದೇಶಿ ಟ್ರೆಕ್ಕರ್‌ಗಳಿಗೆ ಲೈಸೆನ್ಸ್ ಇರುವ ಗೈಡ್ ಬೇಕು ಅನ್ನುವ ನಿಯಮ ಇದೆ. ಪೋಸ್ಟರಿನಲ್ಲಿ "ಅನುಭವಿ ಗೈಡ್" ಅಂತಿತ್ತು. ಬಂದ ಹುಡುಗ ಒಳ್ಳೆಯವನೇ, ಆದರೆ ಲೈಸೆನ್ಸ್ ಕೇಳಿದರೆ ನಕ್ಕ. ಬೇರೆ ಗೈಡ್ ಹುಡುಕಿಕೊಂಡೆವು, ಅದಕ್ಕೂ ಕೈಯಿಂದಲೇ ದುಡ್ಡು.

ಹಾಗಾಗಿ ಪೂರ್ತಿ ದುಡ್ಡು ಕಟ್ಟುವ ಮೊದಲು ಹೋಟೆಲ್ ಹೆಸರು ಕೇಳಿ, ನೀವೇ ಫೋನ್ ಮಾಡಿ ಬುಕಿಂಗ್ ಇದೆಯಾ ನೋಡಿ. ನೇಪಾಳದ ಏಜೆನ್ಸಿ ಯಾವುದು, ಗೈಡ್ ಯಾರು, ಬರಹದಲ್ಲಿ ಕೊಡಲಿ. "ಅಲ್ಲಿ ಹೋದ ಮೇಲೆ ಹೇಳ್ತೀವಿ" ಅಂದರೆ ಆ ಟ್ರಿಪ್ ಬಿಟ್ಟುಬಿಡಿ. ಆಯೋಜಕರ ಸ್ವಂತ ಯುಪಿಐ ನಂಬರಿಗೆ ದುಡ್ಡು ಹಾಕಿದರೆ ರಸೀದಿ ಬಿಡಬೇಡಿ. ನಮ್ಮಲ್ಲಿ ರಸೀದಿ ಇದ್ದವರು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ. ಆಯೋಜಕರು ಮಾತ್ರ ಮುಂದಿನ ಬ್ಯಾಚಿನ ಪೋಸ್ಟರ್ ಆಗಲೇ ಹಾಕಿದ್ದಾರೆ.