‘ಸಂಪೂರ್ಣ ನಿಖರ’ ಸ್ಟ್ರಾಟೋಸ್ ಫೈಲುಗಳನ್ನು ಕೊಳ್ಳುವ ಮುನ್ನ ವೀಲ್‌ಬೇಸ್ ಅಳೆದು ನೋಡಿ

ಲ್ಯಾನ್ಸಿಯಾ ಸ್ಟ್ರಾಟೋಸ್ ಎಚ್‌ಎಫ್ ರ‍್ಯಾಲಿ ಕಾರಿನ 1:10 ಅಳತೆಯ ರೇಡಿಯೊ ನಿಯಂತ್ರಿತ ಮಾದರಿಯನ್ನು ಬುಡದಿಂದಲೇ ಸ್ವಂತವಾಗಿ ಕಟ್ಟಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಕ್ಷೆ, ತ್ರೀಡಿ ಫೈಲು ಮತ್ತು ಪ್ರಿಂಟ್ ಮಾಡಿದ ಬಿಡಿಭಾಗಗಳೆಲ್ಲ ಸೇರಿದ ಒಂದು ಕಟ್ಟನ್ನು ನಾನು ಅಂತರ್ಜಾಲದ ಮೂಲಕ ಹಣ ಕೊಟ್ಟು ತರಿಸಿಕೊಂಡೆ. ‘ಮೂಲ ಕಾರಿನ ಅಳತೆಗೆ ಸಂಪೂರ್ಣ ನಿಖರ, ವ್ಯತ್ಯಾಸ ಒಂದು ಮಿಲಿಮೀಟರಿನೊಳಗೆ’ ಎಂದು ಅದರ ವಿವರಣೆಯಲ್ಲಿ ಬರೆದಿತ್ತು. ಆ ಮಾತು ಸುಳ್ಳಾಗಿತ್ತು, ಮತ್ತು ಆ ಸುಳ್ಳು ಬಾಡಿ ಷಾಸಿಯ (ಚಕ್ರ, ಮೋಟಾರುಗಳನ್ನು ಹೊರುವ ತಳಚೌಕಟ್ಟಿನ) ಮೇಲೆ ಕೂರುವವರೆಗೂ ಕಣ್ಣಿಗೆ ಬೀಳದಂಥದ್ದಾಗಿತ್ತು. ಮಾರಿದವರು ಯಾರೆಂದು ಇಲ್ಲಿ ಹೇಳುವುದಿಲ್ಲ. ಇಂಥ ಕಟ್ಟುಗಳು ಹಲವು ಕೈಗಳಿಂದ ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಒಬ್ಬರ ಹೆಸರು ತಿಳಿದರೆ ಸಾಲದು, ದೋಷ ಯಾವ ಬಗೆಯದೆಂದು ತಿಳಿದಿರಬೇಕು.

ಸ್ಟ್ರಾಟೋಸ್ ರ‍್ಯಾಲಿಗೆಂದೇ ಹುಟ್ಟಿದ ಕಾರು. ಬೆರ್ತೋನೆ ಸಂಸ್ಥೆಯಲ್ಲಿ ಮಾರ್ಚೆಲ್ಲೊ ಗಾಂದೀನಿ ರೂಪಿಸಿದ ಈ ಕಾರು 1974, 1975 ಮತ್ತು 1976ರಲ್ಲಿ ಲ್ಯಾನ್ಸಿಯಾಗೆ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ತಂದುಕೊಟ್ಟಿತು. ಸಾಂದ್ರೊ ಮುನಾರಿ ಇದೇ ಕಾರಿನಲ್ಲಿ 1975ರಿಂದ 1977ರವರೆಗೆ ಸತತ ಮೂರು ಬಾರಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಇದರ ಒಟ್ಟು ಉದ್ದ 3710 ಮಿ.ಮೀ., ಅಗಲ 1750 ಮಿ.ಮೀ., ಎತ್ತರ 1114 ಮಿ.ಮೀ., ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವಿನ ದೂರವಾದ ವೀಲ್‌ಬೇಸ್ ಕೇವಲ 2180 ಮಿ.ಮೀ. ಉದ್ದವು ಅಗಲದ ಎರಡು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಈ ಮೊಟಕುತನವೇ ಕಾರಿನ ಜೀವ. ಅದನ್ನು ಕಳೆದುಕೊಂಡ ಮಾದರಿಗೆ ಎಷ್ಟೇ ಚೆಂದದ ಬಣ್ಣ ಬಳಿದರೂ ಅದು ಸ್ಟ್ರಾಟೋಸ್‌ನಂತೆ ಕಾಣದು.

1:10ಕ್ಕೆ ಇಳಿಸಿದಾಗ ಉದ್ದ 371 ಮಿ.ಮೀ. ಮತ್ತು ವೀಲ್‌ಬೇಸ್ 218 ಮಿ.ಮೀ. ಆಗಬೇಕು. ನನ್ನ ಷಾಸಿಯನ್ನು ನಾನು 218ಕ್ಕೇ ಕಟ್ಟಿದ್ದೆ. ಫೈಬರ್‌ಗ್ಲಾಸ್ ಹಾಳೆಯನ್ನು ಕತ್ತರಿಸಿ, ಎರಡು ಆ್ಯಕ್ಸಲ್‌ಗಳ ಕೇಂದ್ರವನ್ನು ಗುರುತಿಸಿ, ರಂಧ್ರ ಕೊರೆಯುವ ಮೊದಲು ಕ್ಯಾಲಿಪರ್ ಹಿಡಿದು ಪರೀಕ್ಷಿಸಿದ್ದೆ. ಕಟ್ಟಿನೊಂದಿಗೆ ಬಂದ ಬಾಡಿಯನ್ನು ಅದರ ಮೇಲಿಟ್ಟು ಮುಂದಿನ ಚಕ್ರಗಳನ್ನು ಬಾಡಿಯಲ್ಲಿ ಚಕ್ರಕ್ಕೆಂದು ಬಿಟ್ಟ ಕಮಾನಾದ ವೀಲ್ ಆರ್ಚ್‌ನ ನಡುವಿಗೆ ತಂದಾಗ, ಹಿಂದಿನ ಚಕ್ರಗಳು ತಮ್ಮ ಆರ್ಚ್‌ನ ಮುಂದಿನ ಅಂಚಿಗೆ ತಾಗಿ ನಿಂತವು. ಹಿಂಬದಿಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿಯಿತು. ಬಾಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರೆ ತೊಂದರೆ ಒಂದು ಆ್ಯಕ್ಸಲ್‌ನಿಂದ ಇನ್ನೊಂದಕ್ಕೆ ದಾಟುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಬಾಡಿಯ ಒಟ್ಟು ಉದ್ದವನ್ನು ಅಳೆದಾಗ ಸರಿಯಾಗಿ 371 ಬಂತು. ಆರ್ಚ್‌ಗಳ ಕೇಂದ್ರದಿಂದ ಕೇಂದ್ರಕ್ಕೆ ಅಳೆದಾಗ 225 ಬಂತು.

ಈ ಹವ್ಯಾಸದಲ್ಲಿ ಪಳಗಿದವರಿಗೆ 225 ಎಂಬ ಸಂಖ್ಯೆ ಕೂಡಲೇ ಗುರುತು ಹತ್ತುತ್ತದೆ. ಸಿದ್ಧವಾಗಿ ಸಿಗುವ ಚಿಕ್ಕ ‘ಎಂ’ ವರ್ಗದ ಷಾಸಿಗಳು ಸಾಮಾನ್ಯವಾಗಿ 210, 225 ಮತ್ತು 239 ಮಿ.ಮೀ. ವೀಲ್‌ಬೇಸ್‌ಗಳಲ್ಲಿ ಬರುತ್ತವೆ. ಅಂದರೆ ಅಂಗಡಿಯ ಷಾಸಿಯ ಮೇಲೆ ಕೂರಲೆಂದು ಬಾಡಿಯ ನಡುಭಾಗವನ್ನು ಹಿಗ್ಗಿಸಿ, ಒಟ್ಟು ಉದ್ದ ಕೆಡದಂತೆ ಮೂತಿಯನ್ನೂ ಬಾಲವನ್ನೂ ಮೊಟಕುಗೊಳಿಸಿ, ಅದನ್ನೇ ‘ನಿಖರ’ ಎಂದು ಮಾರಿದ್ದರು. ಸಿದ್ಧ ಷಾಸಿಗೆ ಹೊಂದುವ ಬಾಡಿ ಬೇಕೆನ್ನುವವರು ಬೇಕಾದಷ್ಟು ಮಂದಿ ಇದ್ದಾರೆ, ಹಾಗೆ ಹಿಗ್ಗಿಸುವುದೂ ತಪ್ಪಲ್ಲ. ಆದರೆ ಹಿಗ್ಗಿಸಿದ್ದೇವೆಂದು ಹೇಳಬೇಕು. 7 ಮಿ.ಮೀ. ಎಂದರೆ ಮೂಲ ಕಾರಿನ ಲೆಕ್ಕದಲ್ಲಿ 70 ಮಿ.ಮೀ. ಬಾಗಿಲು ಉದ್ದವಾಗಿ, ಹಿಂದಿನ ಚಕ್ರದಾಚೆಗೆ ಚಾಚುವ ಭಾಗವಾದ ಓವರ್‌ಹ್ಯಾಂಗ್ ಕುಗ್ಗಿ, ಇಡೀ ಕಾರು ಎಳೆದು ಕಟ್ಟಿದಂತೆ ಕಾಣುವುದಕ್ಕೆ ಅಷ್ಟು ಧಾರಾಳವಾಗಿ ಸಾಕು.

ಮಾರಾಟಗಾರರಿಗೆ ಅಳತೆಗಳ ಚಿತ್ರಸಹಿತ ಬರೆದಾಗ ಬಂದ ಮೊದಲ ಉತ್ತರ, ‘ಪ್ರಿಂಟ್ ಆಗುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ’ ಎಂಬುದು. ಕುಗ್ಗುವ ವಸ್ತು ವೀಲ್‌ಬೇಸನ್ನು ಮಾತ್ರ ಆರಿಸಿಕೊಂಡು ಶೇಕಡಾ 3ರಷ್ಟು ಹಿಗ್ಗಿಸಿ, ಒಟ್ಟು ಉದ್ದವನ್ನು ಕೂದಲೆಳೆಯಷ್ಟೂ ಕದಲಿಸದೆ ಬಿಡುವುದು ಹೇಗೆಂದು ಕೇಳಿದ್ದಕ್ಕೆ, ರ‍್ಯಾಲಿ ಕಾರಿಗೂ ರಸ್ತೆ ಕಾರಿಗೂ ವ್ಯತ್ಯಾಸವಿತ್ತು ಎಂಬ ಎರಡನೆಯ ಉತ್ತರ ಬಂತು. ಗ್ರೂಪ್ 4 ಎಂಬ ಸ್ಪರ್ಧಾ ವರ್ಗದ ರ‍್ಯಾಲಿ ಕಾರುಗಳಿಗೆ ಅಗಲವಾದ ವೀಲ್ ಆರ್ಚ್‌ಗಳಿದ್ದುದು ನಿಜ. ಆದರೆ ಅಗಲ ಹೆಚ್ಚಿದರೆ ವೀಲ್‌ಬೇಸ್ ಹೆಚ್ಚುವುದಿಲ್ಲ. ಕೊನೆಗೆ, ಡಿಜಿಟಲ್ ಫೈಲುಗಳಿಗೆ ಹಣ ಹಿಂದಿರುಗಿಸುವ ಪದ್ಧತಿ ತಮ್ಮಲ್ಲಿಲ್ಲವೆಂದು ಹೇಳಿ ಅವರು ಕೈತೊಳೆದುಕೊಂಡರು.

ಆದ್ದರಿಂದ ಹಣ ಕೊಡುವ ಮೊದಲೇ ಮಾರುವವರಲ್ಲಿ ಮೂರು ಸಂಖ್ಯೆಗಳನ್ನು ಬರಹದಲ್ಲಿ ಕೇಳಿ: ಒಟ್ಟು ಉದ್ದ, ವೀಲ್‌ಬೇಸ್, ಮತ್ತು ಮುಂದಿನ ಆ್ಯಕ್ಸಲ್‌ನ ಕೇಂದ್ರದಿಂದ ಮೂತಿಯ ತುದಿಯವರೆಗಿನ ದೂರ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹಿಗ್ಗಿಸಿದವರು ಮೊದಲ ಎರಡನ್ನು ಪುಸ್ತಕದಿಂದ ನೋಡಿ ಹೇಳಿಬಿಡಬಹುದು. ಮೂರನೆಯದಕ್ಕೆ ತಮ್ಮ ಫೈಲನ್ನೇ ತೆರೆದು ಅಳೆಯಬೇಕಾಗುತ್ತದೆ. ಚಕ್ರಗಳನ್ನು ಜೋಡಿಸಿದ ಬಾಡಿಯನ್ನು ಪಕ್ಕದಿಂದ, ಅಳತೆಪಟ್ಟಿಯನ್ನು ಜೊತೆಗಿಟ್ಟು ತೆಗೆದ ಫೋಟೊವನ್ನೂ ಕೇಳಿ. ನನಗೆ ತೋರಿಸಿದ್ದ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಬಿಡಿಸಿದವಾಗಿದ್ದವು. ಕಟ್ಟಿ ಮುಗಿಸಿದ ಮಾದರಿಯ ಫೋಟೊ ಅವುಗಳಲ್ಲಿ ಒಂದೂ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ನಿಮ್ಮ ಕಡೆಯಿಂದ ಹೋಲಿಸಿ ನೋಡಲು ಅತ್ಯಂತ ಭರವಸೆಯ ಆಧಾರವೆಂದರೆ ಆ ಕಾರಿನ, ಮೋಟಾರು ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಐಎ ಹೋಮೊಲೊಗೇಷನ್ ದಾಖಲೆ. ಸ್ಪರ್ಧೆಗೆ ಮಾನ್ಯತೆ ಪಡೆಯಲು ತಯಾರಕರೇ ಸಲ್ಲಿಸಿದ ಅಳತೆಗಳೂ ಫೋಟೊಗಳೂ ಅದರಲ್ಲಿರುತ್ತವೆ.

ಕಟ್ಟಿನಲ್ಲಿದ್ದ ನಕ್ಷೆಗಳ ಕಥೆಯೂ ಬೇರೆಯಲ್ಲ. ಪಕ್ಕ, ಮುಂಭಾಗ, ಹಿಂಭಾಗ, ಮೇಲ್ಭಾಗ ಎಂದು ನಾಲ್ಕು ನೋಟಗಳಿದ್ದವು; ನಾಲ್ಕೂ ನೋಡಲು ಅಚ್ಚುಕಟ್ಟು. ಪಕ್ಕದ ನೋಟದಲ್ಲಿ ನೆಲದಿಂದ ಛಾವಣಿಗಿರುವ ಎತ್ತರವನ್ನು ಮುಂಭಾಗದ ನೋಟದ ಎತ್ತರದೊಂದಿಗೆ ಹೋಲಿಸಿದಾಗ ಎರಡೂ ಹೊಂದಲಿಲ್ಲ. ಮುಂಭಾಗದ ನೋಟದಲ್ಲಿ ಹಿಂದಿನ ಟೈರುಗಳು ಮುಂದಿನವುಗಳ ಒಳಗಡೆಗೆ ಸರಿದು ಚಿಕ್ಕದಾಗಿ ಕಾಣುತ್ತಿದ್ದವು. ಯಾವುದೋ ಫೋಟೊದ ಮೇಲೆ ಗೆರೆ ಎಳೆದು ನಕ್ಷೆ ಮಾಡಿದ್ದಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಏಕೆಂದರೆ ನಿಜವಾದ ಎಂಜಿನಿಯರಿಂಗ್ ನಕ್ಷೆಯಲ್ಲಿ ದೂರದ ವಸ್ತು ಚಿಕ್ಕದಾಗುವುದಿಲ್ಲ. ಕಾರಿನ ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದ ಫೋಟೊ ಮೂತಿಯನ್ನು ಉಬ್ಬಿಸಿ ಹಿಂಭಾಗವನ್ನು ಕುಗ್ಗಿಸುತ್ತದೆ. ಅಂಥದ್ದರಿಂದ ಇಳಿಸಿದ ನಕ್ಷೆಯಲ್ಲಿ ಆ ವಿಕಾರವೆಲ್ಲ ಹಾಗೆಯೇ ಉಳಿಯುತ್ತದೆ. ಯಾವ ನಕ್ಷೆ ಸಿಕ್ಕರೂ ಒಂದು ನೋಟದ ಉದ್ದ, ಅಗಲ, ಎತ್ತರ ಇನ್ನೊಂದು ನೋಟದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡದೆ ಗರಗಸ ಕೈಗೆತ್ತಿಕೊಳ್ಳಬೇಡಿ.

ವಿಂಡ್‌ಸ್ಕ್ರೀನ್ ವಿಚಾರದಲ್ಲಿ ಸ್ಟ್ರಾಟೋಸ್ ಕಟ್ಟುವವರಿಗೆ ಒಂದು ವಿಶೇಷ ಅನುಕೂಲವಿದೆ, ಮತ್ತು ಈ ಫೈಲು ಅದನ್ನೂ ಹಾಳುಮಾಡಿತ್ತು. ಅರ್ಧಚಂದ್ರದಂತೆ ಸುತ್ತುವರಿದಿರುವ ಆ ಗಾಜು ಒಂದೇ ತ್ರಿಜ್ಯದ ಸಿಲಿಂಡರಿನಿಂದ ಕತ್ತರಿಸಿದ ತುಂಡು. ನೋಟ ವಿಕಾರವಾಗದಿರಲೆಂದು ಹಾಗೆ ಮಾಡಿದ್ದು. ಸಿಲಿಂಡರಿನ ಮೇಲ್ಮೈ ಒಂದೇ ದಿಕ್ಕಿನಲ್ಲಿ ಬಾಗುವುದರಿಂದ ಮಾದರಿಯ ವಿಂಡ್‌ಸ್ಕ್ರೀನನ್ನು ಚಪ್ಪಟೆ ಪಾರದರ್ಶಕ ಹಾಳೆಯಿಂದಲೇ ಕತ್ತರಿಸಿ ಬಾಗಿಸಬಹುದು; ಬಿಸಿ ಮಾಡುವ, ಗಾಳಿ ಹೀರಿ ಅಚ್ಚಿಗೆ ಅಂಟಿಸುವ (ವ್ಯಾಕ್ಯೂಮ್ ಫಾರ್ಮಿಂಗ್) ಗೋಜಿಲ್ಲ. ನನಗೆ ಬಂದ ಬಾಡಿಯಲ್ಲಿ ಆ ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಉಬ್ಬುವಂತೆ ಮಾಡಿದ್ದರು. ತೆಳುವಾದ ಹಾಳೆಯನ್ನು ಕತ್ತರಿಸಿ ಕೆಳಗಿನ ಅಂಚನ್ನು ಕೂರಿಸಿದರೆ ಮೇಲಿನ ಎರಡು ಮೂಲೆಗಳು ಎದ್ದು ನಿಲ್ಲುತ್ತಿದ್ದವು; ಮೂಲೆಗಳನ್ನು ಒತ್ತಿ ಟೇಪ್ ಹಾಕಿದರೆ ನಡುವೆ ಸುಕ್ಕು ಬಿದ್ದು ಬಿಳಿಯ ಗೆರೆ ಮೂಡುತ್ತಿತ್ತು. ಫೈಲು ನಿಮ್ಮ ಕೈಗೆ ಬಂದಿದ್ದರೆ ವಿಂಡ್‌ಸ್ಕ್ರೀನಿನ ಭಾಗವನ್ನು ಮಾತ್ರ ಪ್ರಿಂಟ್ ಮಾಡಿ ಕಾಗದದ ತುಂಡೊಂದನ್ನು ಅದರ ಮೇಲೆ ಹಾಸಿ ನೋಡಿ. ಕಾಗದ ಮಡಿಕೆಯಿಲ್ಲದೆ ಕೂತರೆ ರೂಪಿಸಿದವರಿಗೆ ಕಾರು ಗೊತ್ತಿದೆ ಎನ್ನಬಹುದು.

ಚಕ್ರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಸ್ತೆ ಸ್ಟ್ರಾಟೋಸ್‌ನ ರಿಮ್ 14 ಇಂಚಿನದು, ಅಂದರೆ 1:10ರಲ್ಲಿ ಸುಮಾರು 36 ಮಿ.ಮೀ. ಕಟ್ಟಿನಲ್ಲಿದ್ದದ್ದು ಸಿದ್ಧ ಟೂರಿಂಗ್ ಟೈರುಗಳಿಗೆ ಹೊಂದುವ, ಸುಮಾರು 52 ಮಿ.ಮೀ.ನ ರಿಮ್. ಹೊರವ್ಯಾಸ ಹೆಚ್ಚುಕಡಿಮೆ ಸರಿಯಿದ್ದರೂ ರಿಮ್ಮಿನ ಸುತ್ತ ಟೈರು ಬಳೆಯಂತೆ ತೆಳ್ಳಗೆ ಕಾಣುತ್ತಿತ್ತು.

ಇಷ್ಟರವರೆಗಿನದು ನೋಟದ ದೋಷ. ಪ್ರಿಂಟ್ ಮಾಡಿ ಕಳುಹಿಸಿದ್ದ ಯಾಂತ್ರಿಕ ಭಾಗಗಳ ದೋಷ ಇನ್ನೂ ಕೆಟ್ಟದ್ದು. ‘ಗಟ್ಟಿ ವಸ್ತು’ ಎಂದು ಹೇಳಿದ್ದರೂ ಅವೆಲ್ಲ ತ್ರೀಡಿ ಪ್ರಿಂಟಿಂಗಿನ ಸಾಮಾನ್ಯ ಪ್ಲಾಸ್ಟಿಕ್ ಆದ ಪಿಎಲ್‌ಎ ಆಗಿದ್ದವು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುತ್ತದೆ, ಓಡುತ್ತಿರುವ ಮೋಟಾರು ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಅದರಲ್ಲೂ ಸ್ಟ್ರಾಟೋಸ್‌ನಲ್ಲಿ ಎಂಜಿನ್ ನಡುವಿನಲ್ಲಿರುವುದರಿಂದ ಮಾದರಿಯ ಮೋಟಾರೂ ಮುಚ್ಚಿದ ಹಿಂಬದಿಯೊಳಗೆ ಕೂರುತ್ತದೆ, ಗಾಳಿಯಾಡುವುದಿಲ್ಲ. ಓಡಿಸತೊಡಗಿದ ಸ್ವಲ್ಪ ಹೊತ್ತಿನಲ್ಲೇ ಕೀರಲು ಸದ್ದು ಕೇಳಿಸಿತು. ಬಾಡಿ ತೆಗೆದು ನೋಡಿದರೆ ಮೋಟಾರಿನ ಆಧಾರ ಸ್ಕ್ರೂಗಳ ಸುತ್ತ ತಗ್ಗಾಗಿ ಒಂದು ಬದಿಗೆ ವಾಲಿತ್ತು. ಮೋಟಾರಿನ ಚಿಕ್ಕ ಗೇರಾದ ಪಿನಿಯನ್‌ನ ಹಲ್ಲುಗಳು ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ತುದಿಯನ್ನಷ್ಟೇ ಹಿಡಿದು ಅದರ ಹಲ್ಲುಗಳನ್ನು ಕೊರೆದುಹಾಕಿದ್ದವು. ಮೋಟಾರಿನ ಆಧಾರ ಅಲ್ಯೂಮಿನಿಯಂದೇ ಆಗಿರಲಿ. ಅದು ಬಿಸಿಯನ್ನೂ ಹೊರಕ್ಕೆ ಎಳೆದುಕೊಳ್ಳುತ್ತದೆ. ಸಸ್ಪೆನ್ಷನ್ ತೋಳುಗಳನ್ನು ಯಾವ ದಿಕ್ಕಿನಲ್ಲಿ ಪ್ರಿಂಟ್ ಮಾಡಿದ್ದಾರೆಂದೂ ನೋಡಿ. ನನಗೆ ಬಂದವುಗಳನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದ್ದರಿಂದ ಪದರಗಳು ತೋಳಿಗೆ ಅಡ್ಡಲಾಗಿದ್ದವು, ಮತ್ತು ಮೊದಲ ಹೊಡೆತಕ್ಕೇ ಒಂದು ತೋಳು ಹಿಂಜ್ ಪಿನ್ನಿನ ಬಳಿ ಪದರದ ಗೆರೆಗುಂಟ ಚಾಕುವಿನಿಂದ ಕೊಯ್ದಷ್ಟು ನೀಟಾಗಿ ತುಂಡಾಯಿತು.

ನಿಜವಾಗಿ ಅಪಾಯಕಾರಿಯಾಗಿದ್ದುದು ಬ್ಯಾಟರಿಯ ತಟ್ಟೆ. ಷಾಸಿಯ ಕೆಳಗಿನಿಂದ ಅದನ್ನು ಹಿಡಿದಿಡುವ ಸ್ಕ್ರೂಗಳಿಗೆ ಫೈಲಿನಲ್ಲಿ ಆರ್‌ಪಾರ್ ರಂಧ್ರಗಳನ್ನು ಕೊಟ್ಟಿದ್ದರು, ಜೊತೆಗೆ ಕಳುಹಿಸಿದ್ದ ಸ್ಕ್ರೂಗಳು ಅಗತ್ಯಕ್ಕಿಂತ ಉದ್ದವಾಗಿದ್ದವು. ಬಿಗಿದಾಗ ಅವುಗಳ ಮೊನೆ ತಟ್ಟೆಯೊಳಕ್ಕೆ ಇಣುಕುತ್ತಿತ್ತು, ಸರಿಯಾಗಿ ಬ್ಯಾಟರಿ ಮಲಗುವ ಜಾಗದಲ್ಲಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಮೆತ್ತನೆಯ ಚೀಲಕ್ಕೆ ಮೊನೆ ಚುಚ್ಚಿದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ರ‍್ಯಾಲಿ ಮಾದರಿಯನ್ನು ಮಣ್ಣುದಾರಿಯಲ್ಲಿ ಕುಣಿಸುವಾಗ ಪ್ರತಿ ನೆಗೆತವೂ ಬ್ಯಾಟರಿಯನ್ನು ಆ ಮೊನೆಗಳ ಮೇಲೆ ಕುಕ್ಕುತ್ತದೆ. ಬ್ಯಾಟರಿ ಇಡುವ ಮೊದಲು ಖಾಲಿ ತಟ್ಟೆಯ ಮೇಲೆ ಬೆರಳಾಡಿಸಿ ನೋಡಿದ್ದರಿಂದ ನನ್ನಲ್ಲಿ ಅನಾಹುತವಾಗಲಿಲ್ಲ. ಯಾರದೇ ವಿನ್ಯಾಸವಾದರೂ ಇದನ್ನು ಮಾಡಿಯೇ ಮುಂದುವರಿಯಿರಿ, ಸಾಧ್ಯವಾದರೆ ಗಟ್ಟಿ ಕವಚದ ಬ್ಯಾಟರಿಯನ್ನೇ ಬಳಸಿ.

ಈಗಾಗಲೇ ಇಂಥ ಕಟ್ಟನ್ನು ಕೊಂಡಿರುವವರು ಫೈಲನ್ನು ಒಟ್ಟಾರೆ ಚಿಕ್ಕದು ಮಾಡಿ ಸರಿಪಡಿಸಲು ಹೋಗಬಾರದು. 225 ಅನ್ನು 218ಕ್ಕೆ ಇಳಿಸಿದರೆ ಅದೇ ಅನುಪಾತದಲ್ಲಿ 371 ಮಿ.ಮೀ. ಉದ್ದ ಸುಮಾರು 359.5ಕ್ಕೆ ಇಳಿಯುತ್ತದೆ, ಅಗಲವೂ ಎತ್ತರವೂ ಜೊತೆಗೇ ಕುಗ್ಗುತ್ತವೆ. ಉದ್ದವನ್ನು ಮಾತ್ರ ಒತ್ತಿದರೆ ಚಕ್ರದ ಆರ್ಚ್‌ಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಆಗುವ ದಾರಿಯೆಂದರೆ ಬಾಡಿಯನ್ನು ಬಾಗಿಲಿನ ನಡುವೆ ಅಡ್ಡಲಾಗಿ ಕತ್ತರಿಸಿ, ಹೆಚ್ಚುವರಿ 7 ಮಿ.ಮೀ. ತೆಗೆದು ಮತ್ತೆ ಅಂಟಿಸಿ, ಕಳೆದುಹೋದ ಉದ್ದವನ್ನು ಮೂತಿಗೂ ಬಾಲಕ್ಕೂ ಪುಟ್ಟಿಯಿಂದ ಸೇರಿಸಿ ತಿದ್ದುವುದು. ಛಾವಣಿಯ ಗೆರೆ ಕೂಡದೆ ಹೋಗುವುದರಿಂದ ಅಲ್ಲಿಯೂ ಉಜ್ಜುವ ಕೆಲಸವಿರುತ್ತದೆ. ಇಷ್ಟು ದುಡಿಯುವುದಕ್ಕಿಂತ ಹೊಸದಾಗಿ ಅಚ್ಚು ಮಾಡಿಕೊಳ್ಳುವುದೇ ಲೇಸೆಂದು ನನಗೆ ಕಂಡಿತು; ಮರದ ದಿಮ್ಮಿಯಿಂದ ಕೆತ್ತಿದ ಅಚ್ಚಿನ ಮೇಲೆ ಫೈಬರ್‌ಗ್ಲಾಸ್ ಬಾಡಿ ತೆಗೆಯುವ ಕೆಲಸ ನಡೆದಿದೆ. ಹಳೆಯ ಕಟ್ಟಿನಿಂದ ಮೂತಿಯ ಮೇಲಿನ ನಾಲ್ಕು ಹೆಚ್ಚುವರಿ ದೀಪಗಳ ಪೆಟ್ಟಿಗೆ ಮತ್ತು ಹಿಂದಿನ ಕಿಟಕಿಯ ಕಪ್ಪು ಪಟ್ಟಿಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅವುಗಳ ಅಗಲ ಸರಿಯಿದೆ, ಅವು ಮೋಟಾರಿನ ಬಿಸಿ ತಾಗುವಲ್ಲಿಯೂ ಇಲ್ಲ.