ಸ್ಪ್ರಿಂಗ್ ಮೇಲಿನ ಬೆಲ್ಟ್ ಡ್ರೈವಾ, ಡೈರೆಕ್ಟ್ ಡ್ರೈವಾ? ಎರಡನ್ನೂ ಇಟ್ಟುಕೊಂಡು ನೋಡಿದ ಮೇಲೆ

ಸ್ಪ್ರಿಂಗ್ ಮೇಲೆ ತೂಗುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಮಾರಿ, ಅದರ ಜಾಗದಲ್ಲಿ ಡೈರೆಕ್ಟ್ ಡ್ರೈವ್ ಇರುವ ಟೆಕ್ನಿಕ್ಸ್ ಎಸ್‌ಎಲ್-1200ಜಿಆರ್ ತಂದಿಟ್ಟಿದ್ದೇನೆ. ವಾಪಸ್ ಹೋಗುವ ಯೋಚನೆ ಇಲ್ಲ. ಹಾಗಾಗಿ ಇದನ್ನು ತೂಗಿ ನೋಡಿ ಬರೆದ ತೀರ್ಪು ಅಂದುಕೊಳ್ಳಬೇಡಿ. ಎರಡೂ ಒಳ್ಳೆಯ ಯಂತ್ರಗಳೇ. ಆದರೆ ಒಂದರ ಮುಂದೆ ಹಾಡು ಕೇಳುತ್ತಾ ಕೂರುತ್ತೇನೆ, ಇನ್ನೊಂದರ ಮುಂದೆ ಸ್ಪ್ಯಾನರ್ ಹಿಡಿದು ಕೂರುತ್ತಿದ್ದೆ.

ಹಳೆಯದರ ಹೆಸರು ಬೇಡ. ನನ್ನ ತಕರಾರು ಇರುವುದು ಒಂದು ಕಂಪನಿಯ ಮೇಲಲ್ಲ, ಆ ಮಾದರಿಯ ಮೇಲೆ. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಮತ್ತು ಟೋನ್‌ಆರ್ಮ್ (ಸೂಜಿಯನ್ನು ಹಿಡಿದಿರುವ ಕೋಲು) ಎರಡನ್ನೂ ಒಂದೇ ಚೌಕಟ್ಟಿಗೆ ಕೂರಿಸಿ, ಆ ಚೌಕಟ್ಟನ್ನು ಮೂರು ಸ್ಪ್ರಿಂಗ್‌ಗಳ ಮೇಲೆ ಬಿಡುತ್ತಾರೆ. ಮೋಟಾರ್ ಮಾತ್ರ ಹೊರಗಿನ ಪೆಟ್ಟಿಗೆಗೆ ಬಿಗಿಯಾಗಿರುತ್ತದೆ. ನಡುವೆ ಒಂದು ರಬ್ಬರ್ ಬೆಲ್ಟ್. 1961ರಲ್ಲಿ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ತಂದ ಎಕ್ಸ್‌ಎ ಟರ್ನ್‌ಟೇಬಲ್‌ನಿಂದ ಈ ದಾರಿ ಹೆಸರಾಯಿತು. ಥೋರೆನ್ಸ್ ಟಿಡಿ 150 ಅದೇ ದಾರಿ ಹಿಡಿಯಿತು. 1970ರ ದಶಕದಲ್ಲಿ ಬಂದ ಲಿನ್ ಸೊಂಡೆಕ್ ಎಲ್‌ಪಿ12 ಕೂಡ ಇದೇ ವಂಶದ್ದು. ಇದರ ಹಿಂದಿನ ತರ್ಕ ಬಹಳ ಚೆನ್ನಾಗಿದೆ. ರೆಕಾರ್ಡ್ ಮತ್ತು ಸೂಜಿ ಒಟ್ಟಿಗೇ ಅಲುಗಿದರೆ ಸೂಜಿಗೆ ಅಲುಗಾಟ ಗೊತ್ತಾಗುವುದಿಲ್ಲ. ಸ್ಪೀಕರ್‌ನಿಂದ ಟೇಬಲ್‌ಗೆ ಬರುವ ಕಂಪನವನ್ನು ಸ್ಪ್ರಿಂಗ್ ಅಲ್ಲೇ ತಡೆಯುತ್ತದೆ.

ಇತ್ತ ಟೆಕ್ನಿಕ್ಸ್ ಕಥೆ ಬೇರೆ. 1970ರಲ್ಲಿ ಎಸ್‌ಪಿ-10 ಜೊತೆ ಡೈರೆಕ್ಟ್ ಡ್ರೈವ್ ಬಂತು, 1972ರಲ್ಲಿ ಎಸ್‌ಎಲ್-1200. ಬೆಲ್ಟ್ ಇಲ್ಲ, ರಾಟೆ ಇಲ್ಲ, ಮೋಟಾರ್ ನೇರವಾಗಿ ಪ್ಲ್ಯಾಟರನ್ನೇ ತಿರುಗಿಸುತ್ತದೆ. ಡಿಜೆಗಳು ಇದನ್ನು ಅಪ್ಪಿಕೊಂಡ ಮೇಲೆ ಹೈ-ಫೈ ಮಂದಿ ಮೂಗು ಮುರಿಯಲು ಶುರು ಮಾಡಿದರು. ಅವರ ದೂರು ಪೂರ್ತಿ ಸುಳ್ಳೂ ಅಲ್ಲ. ಕಬ್ಬಿಣದ ತಿರುಳು ಇರುವ ಮೋಟಾರ್ ಒಂದೊಂದು ಧ್ರುವ ದಾಟುವಾಗಲೂ ಚೂರು ಜಗ್ಗುತ್ತದೆ. ಕಾಗಿಂಗ್ ಅನ್ನುವುದು ಇದನ್ನೇ. 2010ರಲ್ಲಿ ಎಸ್‌ಎಲ್-1200 ತಯಾರಿಕೆ ನಿಂತುಹೋಗಿತ್ತು. 2016ರಲ್ಲಿ ವಾಪಸ್ ಬಂದಾಗ ಕಬ್ಬಿಣದ ತಿರುಳೇ ಇಲ್ಲದ ಹೊಸ ಮೋಟಾರ್ ಹಾಕಿಕೊಂಡು ಬಂತು. ಜಿಆರ್ ಅದರ ಮುಂದಿನ ವರ್ಷದ್ದು. ಅಂದರೆ ಇವತ್ತು ಯಾರಾದರೂ "ಡೈರೆಕ್ಟ್ ಡ್ರೈವ್ ಜಗ್ಗುತ್ತೆ ಕಣ್ರೀ" ಅಂದರೆ ಅವರು ಹಳೇ ಮೋಟಾರಿನ ಮಾತಾಡುತ್ತಿದ್ದಾರೆ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ.

ಸ್ಪ್ರಿಂಗ್ ಟರ್ನ್‌ಟೇಬಲ್ ಇಟ್ಟುಕೊಂಡವರಿಗೆ "ಬೌನ್ಸ್" ಗೊತ್ತಿರುತ್ತದೆ. ನಡುಮಧ್ಯದ ಸ್ಪಿಂಡಲ್ ಹತ್ತಿರ ಮೆಲ್ಲಗೆ ಒತ್ತಿ ಬಿಟ್ಟರೆ ಪ್ಲ್ಯಾಟರ್ ಮೇಲೆ ಕೆಳಗೆ ನೆಟ್ಟಗೆ ತೂಗಬೇಕು. ಪಕ್ಕಕ್ಕೆ ವಾಲಬಾರದು, ಗಿರಕಿ ಹೊಡೆಯಬಾರದು. ಇದು ನೋಡಲು ಚೆಂದ ಅಂತ ಮಾಡುವ ಆಟವಲ್ಲ. ಮೋಟಾರ್ ಪೆಟ್ಟಿಗೆಗೆ ಬಿಗಿಯಾಗಿದೆ, ಪ್ಲ್ಯಾಟರ್ ಸ್ಪ್ರಿಂಗ್ ಮೇಲಿದೆ. ಪ್ಲ್ಯಾಟರ್ ಪಕ್ಕಕ್ಕೆ ತೂಗಿದರೆ ಮೋಟಾರಿಗೂ ಅದಕ್ಕೂ ನಡುವಿನ ದೂರ ಬದಲಾಗುತ್ತದೆ. ಬೆಲ್ಟ್ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ವೇಗ ಅಲುಗುತ್ತದೆ, ಜೊತೆಗೆ ಶ್ರುತಿಯೂ ಅಲುಗುತ್ತದೆ. ಗಿಟಾರ್, ಡ್ರಮ್ಸ್ ಗದ್ದಲದಲ್ಲಿ ಇದು ತಿಳಿಯುವುದಿಲ್ಲ. ಪಿಯಾನೋದಲ್ಲಿ ಒಂದು ಸ್ವರ ಹಿಡಿದು ಬಿಟ್ಟಾಗ ಅದು ಕರಗುತ್ತಾ ಹೋಗುತ್ತದಲ್ಲ, ಆಗ ತಿಳಿಯುತ್ತದೆ. ಒಮ್ಮೆ ಕಿವಿಗೆ ಬಿತ್ತೋ, ಆಮೇಲೆ ಅದೊಂದೇ ಕೇಳಿಸುವುದು.

ಸರಿಮಾಡುವುದು ಹೇಗೆ? ಮೊದಲು ಟರ್ನ್‌ಟೇಬಲನ್ನು ಅಡಿಭಾಗ ತೆರೆದಿರುವ ಒಂದು ಸ್ಟ್ಯಾಂಡ್ ಮೇಲೆ ಕೂರಿಸಬೇಕು, ಯಾಕಂದ್ರೆ ನಟ್ಟುಗಳೆಲ್ಲಾ ಕೆಳಗಿವೆ. ರಸಮಟ್ಟ ಇಟ್ಟು ಪೆಟ್ಟಿಗೆ ಸಮವಾಗಿದೆಯಾ ನೋಡಬೇಕು. ಆಮೇಲೆ ಪ್ಲ್ಯಾಟರ್, ಮ್ಯಾಟ್, ರೆಕಾರ್ಡ್, ಆರ್ಮ್ ಎಲ್ಲಾ ಇದ್ದಂತೆಯೇ ಇಟ್ಟುಕೊಂಡು ಮೂರು ನಟ್ಟುಗಳನ್ನು ಚೂರುಚೂರೇ ತಿರುಗಿಸಿ ಒಳ ಚೌಕಟ್ಟನ್ನು ಪೆಟ್ಟಿಗೆಯ ಮಟ್ಟಕ್ಕೆ ತರಬೇಕು. ಒಂದನ್ನು ಏರಿಸಿದರೆ ಇನ್ನೆರಡು ಕಡೆ ಇಳಿಯುತ್ತದೆ. ಮಟ್ಟ ಬಂತು ಅಂತ ಖುಷಿಪಟ್ಟು ಒತ್ತಿ ನೋಡಿದರೆ ಪಕ್ಕಕ್ಕೆ ವಾಲುತ್ತದೆ. ಸ್ಪ್ರಿಂಗ್‌ನ ತುದಿ ಎಲ್ಲಿ ಮುಗಿಯುತ್ತದೋ ಆ ಕಡೆಗೆ ಅದರ ಒಲವು ಇರುತ್ತದೆ, ಹಾಗಾಗಿ ಸ್ಪ್ರಿಂಗನ್ನೇ ಅದರ ಜಾಗದಲ್ಲಿ ತಿರುಗಿಸಿ ಮತ್ತೆ ಮಟ್ಟ ನೋಡಬೇಕು.

ಇಷ್ಟೆಲ್ಲಾ ಆದ ಮೇಲೂ ಸರಿಹೋಗದಿದ್ದರೆ ನಿಜವಾದ ಕಳ್ಳ ಬೇರೆ ಇದ್ದಾನೆ ಅಂತ ಅರ್ಥ: ಟೋನ್‌ಆರ್ಮ್‌ನಿಂದ ಇಳಿದು ಬರುವ ಕೇಬಲ್. ಅದು ಒಂದು ತುದಿಯಲ್ಲಿ ತೂಗುವ ಚೌಕಟ್ಟಿಗೆ ಸೇರಿದೆ, ಇನ್ನೊಂದು ಕಡೆ ಅಲುಗದ ಪೆಟ್ಟಿಗೆಯಲ್ಲಿ ಕ್ಲಿಪ್ ಹಾಕಿದೆ. ಕೇಬಲ್ ಗಡುಸಾಗಿದ್ದರೆ ನಾಲ್ಕನೇ ಸ್ಪ್ರಿಂಗ್ ಥರ ಕೆಲಸ ಮಾಡಿ ಇಡೀ ಚೌಕಟ್ಟನ್ನು ತನ್ನ ಕಡೆ ಎಳೆಯುತ್ತದೆ. ಕ್ಲಿಪ್ ಸಡಿಲಿಸಿ, ಕೇಬಲನ್ನು ಒಂದಿಷ್ಟು ತಿರುಚಿ, ಬಳುಕುವ ಹಾಗೆ ಬಿಟ್ಟು, ಮತ್ತೆ ಕ್ಲಿಪ್ ಬಿಗಿಯಬೇಕು. ಬಿಗಿಯುವಾಗ ಕೇಬಲ್ ಮತ್ತೆ ಹೊರಳುತ್ತದೆ! ಅಂಗಡಿಯವರು ಸರಿಮಾಡಿ ಕೊಟ್ಟಿದ್ದು ಚೆನ್ನಾಗಿಯೇ ಇತ್ತು. ಆದರೆ ಕಾರ್ಟ್ರಿಡ್ಜ್ (ಸೂಜಿ ಕೂರುವ, ಅದರ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಪುಟ್ಟ ಡಬ್ಬಿ) ಬದಲಾಯಿಸಿದರೆ ತೂಕ ಬದಲಾಯಿತು, ಮತ್ತೆ ಶುರು. ದಪ್ಪ ಮ್ಯಾಟ್ ಹಾಕಿದರೆ ಮತ್ತೆ ಶುರು. ಟರ್ನ್‌ಟೇಬಲ್ ಎತ್ತಿ ಇನ್ನೊಂದು ಕೋಣೆಗೆ ಇಟ್ಟರಂತೂ ಕೇಳಲೇಬೇಡಿ. ನನ್ನಂಥ ಕೈ ಸುಮ್ಮನಿರದ ಮನುಷ್ಯನಿಗೆ, ಅಂದರೆ ಯಾವಾಗಲೂ ಏನಾದರೂ ಬದಲಾಯಿಸಿ ನೋಡುವವನಿಗೆ, ಇದು ಹೊಂದುವ ಯಂತ್ರವಲ್ಲ.

ನಡೆದಾಡುವ ಸದ್ದಿನದು ಇನ್ನೊಂದು ಗೋಳು. ಈ ಸ್ಪ್ರಿಂಗ್‌ಗಳು ಸೆಕೆಂಡಿಗೆ ಮೂರರಿಂದ ಐದು ಸಲದ ಆಸುಪಾಸಿನಲ್ಲಿ ತೂಗುತ್ತವೆ. ಅದಕ್ಕಿಂತ ಮೇಲಿನ ಕಂಪನವನ್ನು ತಡೆಯುತ್ತವೆ ನಿಜ, ಆದರೆ ತಮ್ಮದೇ ಲಯದ ಹತ್ತಿರದ ಅಲುಗಾಟ ಬಂದರೆ ಅದನ್ನು ಇನ್ನೂ ಜಾಸ್ತಿ ಮಾಡುತ್ತವೆ. ಮರದ ನೆಲದ ಮೇಲೆ ಮಗು ಓಡಿದರೆ ಸಾಕು, ಸೂಜಿ ಹಾರುತ್ತದೆ. ಗೋಡೆಗೆ ಶೆಲ್ಫ್ ಹಾಕಿದ ಮೇಲೆ ಈ ಕಾಟ ತಪ್ಪಿತು. ಟೆಕ್ನಿಕ್ಸ್ ಈಗ ಅದೇ ಶೆಲ್ಫ್ ಮೇಲಿದೆ. ನೆಲದ ಮೇಲಿನ ಸ್ಟ್ಯಾಂಡಿನಲ್ಲಿ ಇಟ್ಟೂ ನೋಡಿದೆ, ಸೂಜಿ ಹಾರಲಿಲ್ಲ, ಆದರೆ ವಾಲ್ಯೂಮ್ ಏರಿಸಿದಾಗ ತಗ್ಗು ಸ್ವರಗಳು ಊದಿಕೊಂಡವು. ಅಲ್ಲಿ ಸ್ಪ್ರಿಂಗ್ ಗೆಲ್ಲುತ್ತದೆ, ಒಪ್ಪುತ್ತೇನೆ.

45ರ ರೆಕಾರ್ಡ್ (ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕದು) ಹಾಕಲು ಹಳೆಯದರಲ್ಲಿ ಪ್ಲ್ಯಾಟರ್ ಎತ್ತಿ ಬೆಲ್ಟನ್ನು ರಾಟೆಯ ದೊಡ್ಡ ಹೆಜ್ಜೆಗೆ ಸರಿಸಬೇಕಿತ್ತು. ಇಲ್ಲಿ ಒಂದು ಗುಂಡಿ. ಏಳು ಇಂಚಿನ ಸಿಂಗಲ್ಸ್ ಜಾಸ್ತಿ ಕೇಳುವವರಿಗೆ ಇದಕ್ಕಿಂತ ಬೇರೆ ಕಾರಣ ಬೇಕಾ?

ವೇಗದ ಬಗ್ಗೆ ಒಂದು ಮಾತು. ಹಳೇ ಕಾಲದ ಬೆಲ್ಟ್ ಟರ್ನ್‌ಟೇಬಲ್‌ಗಳಲ್ಲಿ ಮೋಟಾರ್ ಕರೆಂಟಿನ ಫ್ರೀಕ್ವೆನ್ಸಿಗೆ ಅಂಟಿಕೊಂಡು ತಿರುಗುತ್ತದೆ. 60 ಹರ್ಟ್ಸ್‌ಗೆ ಮಾಡಿದ ರಾಟೆಯನ್ನು 50 ಹರ್ಟ್ಸ್ ಇರುವ ಕಡೆ ಹಾಕಿದರೆ 33⅓ ಬದಲು ನಿಮಿಷಕ್ಕೆ ಸುಮಾರು 27.8 ಸುತ್ತು ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರಾಟೆ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಸ್ಟ್ರೋಬ್ ಡಿಸ್ಕ್ (ವೇಗ ನೋಡಲು ಗೆರೆ ಹಾಕಿದ ತಟ್ಟೆ) ಇಟ್ಟು ನೋಡುವುದಾದರೂ ಅಷ್ಟೇ: 33⅓ಕ್ಕೆ 50 ಹರ್ಟ್ಸ್ ಬೆಳಕಿನಲ್ಲಿ 180 ಗೆರೆಗಳ ಸುತ್ತು, 60ರಲ್ಲಿ 216 ಗೆರೆಗಳದ್ದು ನಿಂತಂತೆ ಕಾಣಬೇಕು. ಟೆಕ್ನಿಕ್ಸ್‌ನ ಮೋಟಾರಿಗೆ ಕರೆಂಟಿನ ಫ್ರೀಕ್ವೆನ್ಸಿಯ ಹಂಗಿಲ್ಲ.

ದನಿ ಹೇಗಿದೆ ಅಂತ ಕೇಳುತ್ತೀರಿ. ಸರಿಯಾಗಿ ಶ್ರುತಿ ಮಾಡಿಟ್ಟ ದಿನ ಹಳೆಯದು ಬಹಳ ಹಿತವಾಗಿ ಹಾಡುತ್ತಿತ್ತು. ಹಾಡುಗಾರರ ಕಂಠದ ಸುತ್ತ ಒಂದು ಬಿಡುವು ಇರುತ್ತಿತ್ತು, ಆತುರವಿಲ್ಲದ ಹರಿವು. ಟೆಕ್ನಿಕ್ಸ್‌ನಲ್ಲಿ ಮೊದಲು ಗಮನಕ್ಕೆ ಬರುವುದು ಹಿಡಿತ. ಬೇಸ್ ಗಿಟಾರಿನ ಒಂದೊಂದು ಸ್ವರ ಶುರುವಾಗುವುದೂ ನಿಲ್ಲುವುದೂ ಗೊತ್ತಾಗುತ್ತದೆ. ಪಿಯಾನೋ ಅಲುಗುವುದಿಲ್ಲ. ಹಳೆಯದರ ಹಿತಕ್ಕೆ ಮನಸ್ಸು ಒಮ್ಮೊಮ್ಮೆ ಹಂಬಲಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಯಾವ ದಿನ ಹಾಗೆ ಹಾಡುತ್ತದೆ ಅಂತ ನಂಬುವ ಹಾಗಿರಲಿಲ್ಲ.

ಮೇಲ್ದರ್ಜೆಗೆ ಏರಿಸುವ ವಿಷಯದಲ್ಲಿ ಎರಡರ ಸ್ವಭಾವ ಪೂರ್ತಿ ಬೇರೆ. ಸ್ಪ್ರಿಂಗ್ ಮಾದರಿಯಲ್ಲಿ ಖರ್ಚು ಯಂತ್ರದ ಹೊಟ್ಟೆಗೆ ಹೋಗುತ್ತದೆ: ಹೊಸ ಬೇರಿಂಗ್, ಹೊಸ ಪವರ್ ಸಪ್ಲೈ, ಹೊಸ ಒಳ ಚೌಕಟ್ಟು. ಪ್ರತಿಯೊಂದಕ್ಕೂ ಬಿಚ್ಚಬೇಕು, ಜೋಡಿಸಬೇಕು, ಮತ್ತೆ ಬೌನ್ಸ್ ಹಿಡಿಯಬೇಕು. ಒಂದೇ ಟರ್ನ್‌ಟೇಬಲನ್ನು ಹಂತಹಂತವಾಗಿ ಬೆಳೆಸುವ ಖುಷಿ ಇರುವವರಿಗೆ ಇದು ಹಬ್ಬ. ನನ್ನ ಜೇಬಿಗೆ ಅಲ್ಲ. ಜಿಆರ್‌ನಲ್ಲಿ ಯಂತ್ರವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಉಳಿದ ದುಡ್ಡು ಸೂಜಿಗೆ ಹೋಯಿತು, ಅಲ್ಲಿಯೇ ಹೋಗಬೇಕು ಕೂಡ.

ಯಾಕೆ ಅಂದರೆ, ಎಲ್‌ಪಿಯ (33⅓ ಸುತ್ತಿನ ದೊಡ್ಡ ರೆಕಾರ್ಡ್) ಹೊರಗಿನ ಗೀರಿನಲ್ಲಿ, ಅಂದರೆ ಸಂಗೀತ ಕೊರೆದಿರುವ ಸಾಲಿನಲ್ಲಿ, ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾಯುತ್ತದೆ. ಒಳಗಿನ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಅದು 21ರ ಹತ್ತಿರಕ್ಕೆ ಇಳಿದಿರುತ್ತದೆ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ್ದಾರೆ. ದಪ್ಪ ತುದಿಯ ಸೂಜಿ ಆ ಸಣ್ಣ ತಿರುವುಗಳಿಗೆ ಇಳಿಯಲಾರದು, ಹಾಡುಗಾರರ "ಸ" ಅಕ್ಷರಗಳೆಲ್ಲಾ ಸಿಡಿದಂತೆ ಕೇಳುತ್ತವೆ. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿಯಲ್ಲಿ ಕಾರ್ಟ್ರಿಡ್ಜ್ ಅದೇ ಇಟ್ಟುಕೊಂಡು ಸೂಜಿಯನ್ನು ಮಾತ್ರ ಕೈಯಲ್ಲೇ ಎಳೆದು ಬದಲಾಯಿಸಬಹುದು. ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿ) ತೆಗೆದು ಮೈಕ್ರೋಲೈನ್ (ಇನ್ನೂ ಸಪೂರ ತುದಿ) ಹಾಕಿದ ಮೇಲೆ ಕೊನೆಯ ಹಾಡುಗಳು ಮೊದಲ ಹಾಡಿನ ಮಟ್ಟಕ್ಕೆ ಬಂದವು. ಬೇರಿಂಗ್, ಮ್ಯಾಟ್, ಅಡಿಯ ಕಾಲುಗಳು ಯಾವುದರಿಂದಲೂ ಇಷ್ಟು ವ್ಯತ್ಯಾಸ ನನ್ನ ಕಿವಿಗೆ ಸಿಕ್ಕಿಲ್ಲ.

ವಿಎಂ95ರಂಥ ಮೂವಿಂಗ್ ಮ್ಯಾಗ್ನೆಟ್ (ಒಳಗೆ ಅಯಸ್ಕಾಂತ ಅಲುಗುವ ಬಗೆ) ಕಾರ್ಟ್ರಿಡ್ಜ್ ಹಾಕುವವರು ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಮರೆಯಬೇಡಿ. ವಿಎಂ95ಕ್ಕೆ ಕೇಬಲ್ ಮತ್ತು ಫೋನೋ ಸ್ಟೇಜ್ (ಕಾರ್ಟ್ರಿಡ್ಜ್‌ನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ಸೇರಿ 100ರಿಂದ 200 ಪಿಕೋಫ್ಯಾರಡ್ ಒಳಗಿದ್ದರೆ ಒಳ್ಳೆಯದು. ಜಾಸ್ತಿಯಾದರೆ ತಾರಸ್ವರಗಳು ಚುಚ್ಚುತ್ತವೆ, ಪಾಪ ಬೈಗುಳ ಸೂಜಿಗೆ ಬೀಳುತ್ತದೆ. ಅಂದ ಹಾಗೆ, ಜಿಆರ್‌ನ ಕೇಬಲ್ ಸಾಕೆಟ್‌ಗಳು ಅಡಿಯ ಗುಳಿಯಲ್ಲಿವೆ. ದಪ್ಪ ಪ್ಲಗ್ ಹಾಕಲು ಬೆರಳು ನುಗ್ಗುವುದಿಲ್ಲ, ಕಿರಿಕಿರಿ.

ಹೆಡ್‌ಶೆಲ್ (ಆರ್ಮ್‌ನ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಭಾಗ) ಕಳಚಿ ಬರುವುದು ಟೆಕ್ನಿಕ್ಸ್‌ನ ಇನ್ನೊಂದು ಸುಖ. ಹಳೆಯದರ ಆರ್ಮ್‌ನಲ್ಲಿ ಕಾರ್ಟ್ರಿಡ್ಜ್ ಬದಲಾಯಿಸಲು ಕೂದಲೆಳೆಯಂಥ ನಾಲ್ಕು ವೈರ್‌ಗಳನ್ನು ಚಿಮ್ಮಟದಲ್ಲಿ ಹಿಡಿದು ಕೂರಬೇಕಿತ್ತು. ಇಲ್ಲಿ ಒಂದು ಉಂಗುರ ತಿರುಗಿಸಿದರೆ ಆಯಿತು, ಆಮೇಲೆ ಸೂಜಿಯ ಭಾರ ಸರಿಮಾಡಿಕೊಂಡರೆ ಮುಗಿಯಿತು. ಭಾರದ ಹೆಡ್‌ಶೆಲ್ ಒಂದನ್ನು ಇಟ್ಟುಕೊಂಡು ಡೆನಾನ್ ಡಿಎಲ್-103 ಕೂಡ ಹಾಕಿದ್ದೇನೆ. 1960ರ ದಶಕದ ಆರಂಭದಲ್ಲಿ ಜಪಾನಿನ ಎನ್‌ಎಚ್‌ಕೆ ರೇಡಿಯೋಗಾಗಿ ಮಾಡಿದ ಈ ಕಾರ್ಟ್ರಿಡ್ಜ್‌ನ ಸೂಜಿ ಗಡುಸು. ಹಗುರ ಆರ್ಮ್‌ನಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ. ಆರ್ಮ್ ಮತ್ತು ಸೂಜಿಯ ಜೋಡಿ 8ರಿಂದ 12 ಹರ್ಟ್ಸ್ ನಡುವೆ ಅನುರಣಿಸಬೇಕು. ಅದಕ್ಕಿಂತ ಕೆಳಗೆ ಹೋದರೆ ಡೊಂಕು ರೆಕಾರ್ಡ್ ಕಾಡುತ್ತದೆ, ಮೇಲೆ ಹೋದರೆ ಸಂಗೀತಕ್ಕೇ ತಾಗುತ್ತದೆ. ಹೆಡ್‌ಶೆಲ್ ತೂಕದಲ್ಲಿ ಇದನ್ನು ಹೊಂದಿಸಿಕೊಳ್ಳಬಹುದು. ಒಂದೇ ನೆನಪಿರಲಿ, ಡಿಎಲ್-103ರ ಔಟ್‌ಪುಟ್ ಬರೀ 0.3 ಮಿಲಿವೋಲ್ಟ್. ಇಂಥ ಮೂವಿಂಗ್ ಕಾಯಿಲ್‌ಗೆ (ಅಯಸ್ಕಾಂತದ ಬದಲು ತಂತಿಯ ಸುರುಳಿ ಅಲುಗುವ ಬಗೆ) ಹೊಂದುವ ಫೋನೋ ಸ್ಟೇಜ್ ಇಲ್ಲದಿದ್ದರೆ ದನಿ ಏಳುವುದೇ ಇಲ್ಲ.

ಅಲೈನ್‌ಮೆಂಟ್ (ಸೂಜಿ ಗೀರಿಗೆ ನೇರವಾಗಿ ಕೂರುವಂತೆ ಕಾರ್ಟ್ರಿಡ್ಜ್ ಹೊಂದಿಸುವುದು) ಬಗ್ಗೆ ಜನ ಬಹಳ ಜಗಳ ಆಡುತ್ತಾರೆ. ಟೆಕ್ನಿಕ್ಸ್ ಕೊಡುವ ಅಳತೆಯಲ್ಲಿ ಹೆಡ್‌ಶೆಲ್‌ನ ವಾಷರ್‌ನಿಂದ ಸೂಜಿಯ ತುದಿಗೆ 52 ಮಿಲಿಮೀಟರ್. ಬೇರ್ವಾಲ್ಡ್ ಅನ್ನುವ ಇನ್ನೊಂದು ಲೆಕ್ಕದಲ್ಲಾದರೆ ಕಾರ್ಟ್ರಿಡ್ಜ್ ಚೂರು ಮುಂದಕ್ಕೆ ಬರುತ್ತದೆ, ಸೂಜಿ 66 ಮತ್ತು 120.9 ಮಿಲಿಮೀಟರ್ ತ್ರಿಜ್ಯದಲ್ಲಿ ಗೀರಿಗೆ ಪೂರ್ತಿ ಸಮವಾಗುತ್ತದೆ. ಕಂಪನಿಯ ಅಳತೆ ಇನ್ನೂ ಒಳಗಿನ ಗೀರುಗಳಿಗೆ ಒಲಿದದ್ದು. ಸಿಂಗಲ್ಸ್ ಜಾಸ್ತಿ ಕೇಳುವ ನನಗೆ ಅದೇ ಸರಿ.

ರೆಕಾರ್ಡ್ ತೊಳೆದು ಕೇಳಿ. ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇಲ್ಲ. ಕ್ಲ್ಯಾಂಪ್ (ರೆಕಾರ್ಡನ್ನು ಒತ್ತಿ ಹಿಡಿಯುವ ಬಿಲ್ಲೆ) ಡೊಂಕು ರೆಕಾರ್ಡ್‌ಗೆ ಸಾಕು, ಮಿಕ್ಕಿದ್ದಕ್ಕೆ ಸುಮ್ನೆ.

ಹಾಗಾದರೆ ಸ್ಪ್ರಿಂಗ್ ಟರ್ನ್‌ಟೇಬಲ್ ಯಾರು ಕೊಳ್ಳಬೇಕು? ಒಂದೇ ಆರ್ಮ್, ಒಂದೇ ಕಾರ್ಟ್ರಿಡ್ಜ್ ಇಟ್ಟುಕೊಂಡು ವರ್ಷಗಟ್ಟಲೆ ಮುಟ್ಟದೆ ಇರಬಲ್ಲವರು. ಗಟ್ಟಿ ಗೋಡೆ ಇರುವವರು. ಹತ್ತಿರದಲ್ಲೇ ಆ ಮೂರು ನಟ್ಟುಗಳನ್ನು ಬಲ್ಲ ಕೈ ಇರುವವರು. ಅವರಿಗೆ ಅದು ಹೊತ್ತು ಕಳೆದಂತೆ ಇನ್ನೂ ಇಷ್ಟವಾಗುತ್ತದೆ. ಊಟದ ಮುಂಚೆ ಎರಡು ಸಿಂಗಲ್ಸ್, ಊಟದ ನಂತರ ಒಂದು ಎಲ್‌ಪಿ, ನಡುವೆ ಹೆಡ್‌ಶೆಲ್ ಬದಲಾವಣೆ, ಹೀಗೆ ಕೇಳುವವರು ಡೈರೆಕ್ಟ್ ಡ್ರೈವ್ ತಗೊಳ್ಳಿ. ಬಜೆಟ್ ಬಿಗಿಯಾಗಿದ್ದರೆ ದೊಡ್ಡ ಎಸ್‌ಎಲ್-1200ಜಿ ಬಿಟ್ಟು ಜಿಆರ್ ಸಾಕು. ಜಿ ಪ್ಲ್ಯಾಟರ್‌ನ ಮೇಲಿನ ಹಿತ್ತಾಳೆಗೆ ಕೊಡುವ ದುಡ್ಡನ್ನು ಮೈಕ್ರೋಲೈನ್ ಸೂಜಿಗೂ, ಹಳೇ ಮೊನೋ ರೆಕಾರ್ಡ್‌ಗಳಿದ್ದರೆ ಬೇರೆ ಹೆಡ್‌ಶೆಲ್‌ನಲ್ಲಿ ಒಂದು ಮೊನೋ ಕಾರ್ಟ್ರಿಡ್ಜ್‌ಗೂ ಹಾಕಿ. ನಾನು ಈಗ ಹುಡುಕುತ್ತಿರುವುದೂ ಅದನ್ನೇ.