ಮೊದಲ ಓದಿಗೆ ಯಾರು? ಪ್ಲೇಟೋ, ಡೆಕಾರ್ಟ್, ಹ್ಯೂಮ್, ಕಾಂಟ್ ಜೊತೆ ಎರಡು ವರ್ಷ

ಅಣ್ಣನ ಮಗಳು ಪದವಿಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡು, "ಚಿಕ್ಕಪ್ಪ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಾಗ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅದಕ್ಕೆ ಹತ್ತು ವರ್ಷ ಹಿಂದೆ ನಾನು ಪಾಶ್ಚಾತ್ಯ ತತ್ತ್ವಶಾಸ್ತ್ರದ ಒಂದು ದಪ್ಪ ಇತಿಹಾಸ ಗ್ರಂಥವನ್ನು ಹಟ ಹಿಡಿದು ಮುಗಿಸಿದ್ದೆ. ಥೇಲೀಸ್ ಎಲ್ಲಕ್ಕೂ ಮೂಲ ನೀರು ಎಂದ, ಹೆರಾಕ್ಲೈಟಸ್ ಎಲ್ಲವೂ ಹರಿಯುತ್ತಿದೆ ಎಂದ, ಪಾರ್ಮೆನಿಡೀಸ್ ಯಾವುದೂ ಬದಲಾಗುವುದಿಲ್ಲ ಎಂದ. ಇಷ್ಟು ನೆನಪಿನಲ್ಲಿ ಉಳಿಯಿತು. ಅವರು ಹಾಗೆ ಹೇಳಿದ್ದು ಏಕೆ ಎಂಬುದು ಮಾತ್ರ ಉಳಿಯಲಿಲ್ಲ. ತತ್ತ್ವಶಾಸ್ತ್ರದಲ್ಲಿ "ಏಕೆ" ಬಿಟ್ಟುಹೋದರೆ ಮಿಕ್ಕುವುದು ರಸಪ್ರಶ್ನೆಗೆ ಒದಗುವ ಸಾಮಗ್ರಿಯಷ್ಟೇ. ಆದ್ದರಿಂದ ಈ ಸಲ ಇತಿಹಾಸವನ್ನು ಬದಿಗಿಟ್ಟು, ನಾಲ್ವರು ಚಿಂತಕರ ಚಿಕ್ಕ ಚಿಕ್ಕ ಮೂಲಕೃತಿಗಳನ್ನು ಇಬ್ಬರೂ ಇಂಗ್ಲಿಷಿನಲ್ಲಿ ಓದುವುದೆಂದು ತೀರ್ಮಾನಿಸಿದೆವು.

ಅಳೆಯುವುದಕ್ಕೆ ಒಂದೇ ಅಳತೆಗೋಲು ಇಟ್ಟುಕೊಂಡೆವು. ಓದಿದ ಭಾಗದ ವಾದವನ್ನು ಪುಸ್ತಕ ಮುಚ್ಚಿಟ್ಟು, ಊಟಕ್ಕೆ ಕುಳಿತಾಗ, ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಬಳಸದೆ, ಮನೆಯವರಿಗೆ ಕನ್ನಡದಲ್ಲಿ ಹೇಳಬೇಕು. ಹೇಳಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ಪದವನ್ನೇ ಊರುಗೋಲು ಮಾಡಿಕೊಂಡು ತಡವರಿಸಿದರೆ ಮರುದಿನ ಅದೇ ಪುಟ. ಈ ಅಳತೆಗೋಲಿನ ಮುಂದೆ ನಾಲ್ವರೂ ಬಹಳ ಬೇರೆ ಬೇರೆ ಅಳತೆಗೆ ಬಂದರು.

ಪ್ಲೇಟೋವಿನಲ್ಲಿ ನಾವು ಮೊದಲು ಹಿಡಿದದ್ದು "ಯೂಥಿಫ್ರೋ" ಎಂಬ ಸಂವಾದವನ್ನು. ಒಂದೇ ಕೂರುವಿಕೆಗೆ ಮುಗಿಯುವಷ್ಟು ಚಿಕ್ಕದು. ಕ್ರಿಸ್ತಪೂರ್ವ 399ರಲ್ಲಿ ತನ್ನ ಮೇಲಿನ ಮೊಕದ್ದಮೆಗಾಗಿ ನ್ಯಾಯಾಲಯದ ಬಳಿಗೆ ಬಂದ ಸಾಕ್ರಟೀಸ್, ಅಲ್ಲಿ ತನ್ನ ಸ್ವಂತ ತಂದೆಯ ಮೇಲೆ ಕೊಲೆಯ ದೂರು ಕೊಡಲು ಬಂದಿರುವ ಯೂಥಿಫ್ರೋನನ್ನು ಕಾಣುತ್ತಾನೆ. ಕುಡಿದ ಅಮಲಿನಲ್ಲಿ ಒಬ್ಬ ಗುಲಾಮನನ್ನು ಕೊಂದ ಕೂಲಿಯಾಳನ್ನು ತಂದೆ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿಸಿ, ಮುಂದೇನು ಮಾಡಬೇಕೆಂದು ಕೇಳಿಬರಲು ಅಥೆನ್ಸಿಗೆ ಆಳು ಕಳುಹಿಸಿದ್ದಾನೆ. ಉತ್ತರ ಬರುವುದರೊಳಗೆ ಕಟ್ಟಿಹಾಕಿದವನು ಹಸಿವು, ಚಳಿಗಳಿಂದ ಸತ್ತಿದ್ದಾನೆ. ತಂದೆಯ ಮೇಲೆ ದೂರು ಕೊಡುವುದು ದೇವರು ಮೆಚ್ಚುವ ಕೆಲಸ ಎಂದು ಮಗ ಅನುಮಾನವಿಲ್ಲದೆ ಹೇಳುವಾಗ, ಹಾಗಾದರೆ ದೇವರು ಮೆಚ್ಚುವುದು ಎಂದರೇನು ಎಂದು ಸಾಕ್ರಟೀಸ್ ಕೆದಕಲು ಆರಂಭಿಸುತ್ತಾನೆ. ಇಂಗ್ಲಿಷ್ ಅನುವಾದಗಳು ಇಲ್ಲಿ ಬಳಸುವ ಪದಗಳು ಇಗರ್ಜಿಯ ವಾಸನೆ ಹೊಡೆಯುತ್ತವೆ. ಕನ್ನಡದಲ್ಲಿ "ಪುಣ್ಯ" ಎಂದು ಇಟ್ಟ ಕೂಡಲೇ ವಾದ ತಾನಾಗಿ ಎದ್ದು ನಿಂತಿತು: ದೇವತೆಗಳು ಮೆಚ್ಚುತ್ತಾರೆ ಎಂಬ ಕಾರಣಕ್ಕೆ ಅದು ಪುಣ್ಯವಾಯಿತೋ, ಪುಣ್ಯವಾಗಿದೆ ಎಂಬ ಕಾರಣಕ್ಕೆ ದೇವತೆಗಳು ಮೆಚ್ಚಿದರೋ? ಅಡುಗೆಮನೆಯಿಂದ ಸಾರಿನ ಪಾತ್ರೆ ತರುತ್ತಿದ್ದ ಅತ್ತಿಗೆ ಅಲ್ಲೇ ನಿಂತು, "ಎರಡನೆಯದೇ ಇರಬೇಕು, ಇಲ್ಲದಿದ್ದರೆ ದೇವರಿಗೆ ಮನಸ್ಸು ಬಂದದ್ದೆಲ್ಲ ಪುಣ್ಯವಾಗಿಬಿಡುತ್ತದಲ್ಲ" ಎಂದರು. ಎರಡೂವರೆ ಸಾವಿರ ವರ್ಷಗಳಿಂದ ಜನರು ವಾದಿಸುತ್ತಿರುವ ಜಾಗಕ್ಕೆ ಅವರು ಪುಸ್ತಕ ಮುಟ್ಟದೆ ಬಂದು ತಲುಪಿದ್ದರು.

"ಮೀನೋ" ಇನ್ನೂ ಚೆನ್ನಾಗಿ ನಡೆಯಿತು. ಅದರ ನಡುವೆ ಸಾಕ್ರಟೀಸ್ ಲೆಕ್ಕ ಕಲಿಯದ ಒಬ್ಬ ಗುಲಾಮ ಹುಡುಗನನ್ನು ಕರೆದು, ಎರಡು ಅಡಿ ಬಾಹುವಿನ ಚೌಕದ ಎರಡರಷ್ಟು ದೊಡ್ಡ ಚೌಕವನ್ನು ಬರೆಯಲು ಹೇಳುತ್ತಾನೆ. ಹುಡುಗ ಮೊದಲು ಬಾಹುವನ್ನೇ ಎರಡರಷ್ಟು ಮಾಡುತ್ತಾನೆ, ಆಗ 8ರ ಬದಲು 16 ಬರುತ್ತದೆ, ಮೂರು ಅಡಿ ಎನ್ನುತ್ತಾನೆ, 9 ಬರುತ್ತದೆ, ಬೇಕಾದದ್ದು 8. ಕೊನೆಗೆ ಕರ್ಣದ ಮೇಲೆ ಚೌಕ ಕಟ್ಟಿದರೆ ಸರಿಹೋಗುತ್ತದೆಂದು ಪ್ರಶ್ನೆಗಳ ಮೂಲಕವೇ ಕಂಡುಕೊಳ್ಳುತ್ತಾನೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಈ ಚಿತ್ರವನ್ನು ಬರೆಯದೆ ಈ ಭಾಗವನ್ನು ಓದಬಾರದು. ಬರೆಯುವಾಗಲೇ ತಿಳಿಯುತ್ತದೆ, ಹುಡುಗ ಮಾಡಿದ ತಪ್ಪನ್ನು ನಾವೂ ಮಾಡುತ್ತೇವೆಂದು. ಆದರೆ ಇದರಿಂದ ಪ್ಲೇಟೋ ತೆಗೆಯುವ ತೀರ್ಮಾನ, ಅಂದರೆ ಕಲಿಕೆಯೆಲ್ಲ ಆತ್ಮಕ್ಕೆ ಮೊದಲೇ ಗೊತ್ತಿದ್ದುದರ ನೆನಪು ಎಂಬುದು, ನಮಗಿಬ್ಬರಿಗೂ ದೊಡ್ಡ ಜಿಗಿತವಾಗಿ ಕಂಡಿತು. ಕೇಳುವ ಪ್ರಶ್ನೆಗಳಲ್ಲೇ ಅರ್ಧ ಉತ್ತರ ಅಡಗಿರುತ್ತದೆ, ಹುಡುಗನದು ಹೆಚ್ಚಿನ ಪಾಲು "ಹೌದು" ಎನ್ನುವ ಕೆಲಸ.

ಪ್ಲೇಟೋವಿನ ಕೊರತೆಯೂ ಇಲ್ಲೇ ಇದೆ. ಈ ಚಿಕ್ಕ ಸಂವಾದಗಳಲ್ಲಿ ಬಹಳಷ್ಟು ಸಲ ಕೊನೆಗೆ ಉತ್ತರ ಸಿಗುವುದಿಲ್ಲ. ಯೂಥಿಫ್ರೋ ತನಗೆ ಅವಸರವಿದೆ ಎಂದು ಹೊರಟೇಹೋಗುತ್ತಾನೆ. ಪರೀಕ್ಷೆಗೆ ಬೇಕಾದ ರೂಪಗಳ ಸಿದ್ಧಾಂತ, ಅಂದರೆ ಕಾಣುವ ವಸ್ತುಗಳಾಚೆ ಅವುಗಳ ಬದಲಾಗದ ಮಾದರಿಗಳಿವೆ ಎಂಬುದು, ಬಲಿಯುವುದು "ಫೀಡೋ", "ರಿಪಬ್ಲಿಕ್" ಕೃತಿಗಳಲ್ಲಿ. ಹತ್ತು ಭಾಗಗಳ "ರಿಪಬ್ಲಿಕ್" ಅನ್ನು ಮೊದಲ ಓದಿಗೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆರಳುಗಳನ್ನೇ ನಿಜವೆಂದು ನಂಬಿದ ಕೈದಿಗಳ ಕಥೆ, ಏಳನೆಯ ಭಾಗದ ಗುಹೆಯ ದೃಷ್ಟಾಂತ, ಎಲ್ಲರ ಬಾಯಲ್ಲಿದೆ, ಆದರೆ ಆರನೆಯ ಭಾಗದ ಕೊನೆಯಲ್ಲಿ ಬರುವ, ತಿಳಿವಿನ ಮಟ್ಟಗಳನ್ನು ತೋರಿಸುವ ಗೆರೆಯ ವಿಭಜನೆಯನ್ನು ಬಿಟ್ಟು ಅದನ್ನು ಓದಿದರೆ ಬರಿಯ ಕಥೆಯಾಗುತ್ತದೆ. ಪ್ಲೇಟೋವಿನ ಪರವಾಗಿ ಒಂದು ವ್ಯಾವಹಾರಿಕ ಮಾತನ್ನೂ ಹೇಳಬೇಕು: 1578ರ ಮುದ್ರಣದ ಪುಟಸಂಖ್ಯೆಗಳನ್ನು ಇಂದಿಗೂ ಅನುವಾದಗಳ ಅಂಚಿನಲ್ಲಿ ಕೊಡುವ ರೂಢಿ ಇರುವುದರಿಂದ, ಅಣ್ಣನ ಮಗಳ ಗ್ರಂಥಾಲಯದ ಪ್ರತಿಯೂ ನನ್ನ ಹಳೆಯ ಪ್ರತಿಯೂ ಬೇರೆ ಅನುವಾದಗಳಾಗಿದ್ದರೂ ಒಂದೇ ಸಾಲಿನಲ್ಲಿ ಬೆರಳಿಟ್ಟು ಜಗಳವಾಡಲು ತೊಂದರೆಯಾಗಲಿಲ್ಲ.

ಡೆಕಾರ್ಟ್‌ನ "ಮೆಡಿಟೇಶನ್ಸ್" 1641ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ಆರು ಅಧ್ಯಾಯ, ದಿನಕ್ಕೊಂದರಂತೆ ಕುಳಿತು ಯೋಚಿಸಿದವನ ಬರಹದಂತೆ ಇದೆ. "ಧ್ಯಾನ" ಎಂದು ಅನುವಾದಿಸಿದರೆ ನಮ್ಮವರಿಗೆ ಕಣ್ಣು ಮುಚ್ಚಿ ಕೂರುವುದು ನೆನಪಾಗುತ್ತದೆ, ಆದ್ದರಿಂದ ನಾವು "ಚಿಂತನೆ" ಎಂದೆವು. ಮೊದಲೆರಡು ಚಿಂತನೆಗಳು ಮೊದಲ ಓದಿನಲ್ಲೇ ಕೈಗೆ ಹತ್ತಿದವು. ಇಂದ್ರಿಯಗಳು ಆಗಾಗ ಮೋಸ ಮಾಡುತ್ತವೆ. ಈಗ ನಾನು ಕನಸು ಕಾಣುತ್ತಿಲ್ಲ ಎಂಬುದಕ್ಕೆ ಖಚಿತವಾದ ಗುರುತಿಲ್ಲ. ಬಲಶಾಲಿಯಾದ ಒಂದು ವಂಚಕ ಶಕ್ತಿ ಎರಡು ಕೂಡಿಸು ಮೂರು ಐದು ಎಂಬಲ್ಲೂ ನನ್ನನ್ನು ದಾರಿ ತಪ್ಪಿಸುತ್ತಿರಬಹುದು. ಆದರೆ ಮೋಸಹೋಗುವುದಕ್ಕಾದರೂ ನಾನು ಇರಲೇಬೇಕಲ್ಲ. ಇದನ್ನು ಊಟದ ಹೊತ್ತಿನಲ್ಲಿ ಹೇಳಲು ಐದು ನಿಮಿಷ ಸಾಕಾಯಿತು. "ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ" ಎಂಬ ಪ್ರಸಿದ್ಧ ವಾಕ್ಯಕ್ಕೆ ಅಡಿಗೆರೆ ಎಳೆಯಲು ಪೆನ್ಸಿಲ್ ಹಿಡಿದು ಕೂತಿದ್ದ ಹುಡುಗಿಗೆ ಅದು ಸಿಗಲೇ ಇಲ್ಲ. ಅದು ಇರುವುದು 1637ರ ಅವನ ಇನ್ನೊಂದು ಕೃತಿಯಲ್ಲಿ. ಇಲ್ಲಿ ಅವನು ಹೇಳುವುದು, "ನಾನಿದ್ದೇನೆ" ಎಂಬ ಮಾತು ನಾನು ಅದನ್ನು ನೆನೆದಾಗಲೆಲ್ಲ ಸತ್ಯವಾಗಿರಲೇಬೇಕು ಎಂದು.

ಮೂರನೆಯ ಚಿಂತನೆಯಲ್ಲಿ ಗಾಡಿ ಹೂತುಹೋಯಿತು. ದೇವರಿದ್ದಾನೆ ಎಂದು ಸಾಧಿಸಲು ಅವನು ಬಳಸುವ "ಆಬ್ಜೆಕ್ಟಿವ್" ಎಂಬ ಪದಕ್ಕೆ ಇಂದಿನ ಅರ್ಥವನ್ನೇ ಕೊಟ್ಟುಕೊಂಡು ಓದಿದ್ದರಿಂದ ಮೂರು ಸಂಜೆ ವ್ಯರ್ಥವಾದವು. ಇಂದು ಆ ಪದಕ್ಕೆ ಮನಸ್ಸಿನ ಹೊರಗೆ ನಿಜವಾಗಿ ಇರುವುದು ಎಂಬ ಅರ್ಥ. ಅವನಲ್ಲಿ ಅದು ಒಂದು ಕಲ್ಪನೆಯೊಳಗೆ ಚಿತ್ರಿತವಾಗಿರುವ ವಸ್ತುವಿನ ಸತ್ತ್ವ, ಅಂದರೆ ಹೆಚ್ಚುಕಡಿಮೆ ತಿರುಗುಮುರುಗು. ಇದು ತಿಳಿದ ಮೇಲೆ ವಾದ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಸ್ಪಷ್ಟವಾಗಿ ಕಂಡದ್ದು ಸತ್ಯ ಎನ್ನಲು ದೇವರ ಭರವಸೆ ಬೇಕು, ದೇವರನ್ನು ಸಾಧಿಸಲು ಸ್ಪಷ್ಟವಾಗಿ ಕಂಡದ್ದನ್ನು ನಂಬಬೇಕು. ಇದು ಸುತ್ತು ಬಳಸಿ ಅಲ್ಲಿಗೇ ಬಂದಂತೆ ಎಂದು ಆರ್ನೋ ಎಂಬ ವಿದ್ವಾಂಸ ಆಗಲೇ ಎತ್ತಿದ್ದ ಆಕ್ಷೇಪ ಅದೇ ಪುಸ್ತಕದೊಡನೆ ಅಚ್ಚಾಗಿದೆ. ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಒಟ್ಟಿಗೆ ಮುದ್ರಿಸಿದ ಡೆಕಾರ್ಟ್‌ನ ಧೈರ್ಯ ಮೆಚ್ಚಬೇಕಾದದ್ದು. ಒಬ್ಬರೇ ಓದುವವರಿಗೆ ಜಗಳಕ್ಕೆ ಜೊತೆಗಾರರು ಅಲ್ಲೇ ಸಿದ್ಧವಾಗಿ ಸಿಗುತ್ತಾರೆ.

ಹ್ಯೂಮ್ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನನ್ನ ಒಲವು ಅವನ ಕಡೆಗಿದೆ. ನಾಲ್ವರಲ್ಲಿ ನಾವು ಅನುವಾದವಿಲ್ಲದೆ ಲೇಖಕನ ಭಾಷೆಯಲ್ಲೇ ಓದಿದ್ದು ಇವನನ್ನು ಮಾತ್ರ. ತನ್ನ ಇಪ್ಪತ್ತರ ಹರೆಯದಲ್ಲಿ ಬರೆದ ದೊಡ್ಡ ಗ್ರಂಥ ಜನರ ಗಮನ ಸೆಳೆಯದೆ ಹೋದಾಗ, ಅದರ ತಿರುಳನ್ನು ಚಿಕ್ಕದಾಗಿಸಿ 1748ರಲ್ಲಿ ಪ್ರಕಟಿಸಿದ "ಎನ್‌ಕ್ವೈರಿ" ನಮ್ಮ ಕೈಯಲ್ಲಿತ್ತು. ಹದಿನೆಂಟನೆಯ ಶತಮಾನದ ಉದ್ದುದ್ದ ವಾಕ್ಯಗಳಿಗೆ ಒಗ್ಗಿಕೊಳ್ಳಲು ಒಂದು ವಾರ ಬೇಕಾಯಿತು. ಹನ್ನೆರಡು ಭಾಗಗಳಲ್ಲಿ ನಾಲ್ಕನೆಯದು ಮತ್ತು ಐದನೆಯದು ಸಾಕು. ನಾಳೆ ಸೂರ್ಯ ಹುಟ್ಟುವುದಿಲ್ಲ ಎಂಬ ಮಾತಿನಲ್ಲಿ ತಾರ್ಕಿಕ ವಿರೋಧವೇನೂ ಇಲ್ಲ, ಅದನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಹುದು. ಹಾಗಾದರೆ ಹುಟ್ಟುತ್ತದೆ ಎಂದು ಹೇಗೆ ಹೇಳುತ್ತೇವೆ? ಇದುವರೆಗೆ ಹುಟ್ಟಿದೆ ಎಂಬ ಅನುಭವದಿಂದ. ಅನುಭವದಲ್ಲಿ ಕಂಡದ್ದು ಮುಂದೆಯೂ ಹಾಗೆಯೇ ನಡೆಯುತ್ತದೆ ಎಂಬುದಕ್ಕೆ ಏನು ಆಧಾರ? ಇದುವರೆಗೆ ಹಾಗೆ ನಡೆದಿದೆ ಎಂಬ ಅನುಭವವೇ. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಹಿಡಿದಂತಾಯಿತು. ನಿನ್ನೆ ತಿಂದ ರೊಟ್ಟಿ ಹೊಟ್ಟೆ ತುಂಬಿಸಿತು ಎಂಬುದರಿಂದ ಇಂದಿನ ರೊಟ್ಟಿಯ ಬಗ್ಗೆ ಬುದ್ಧಿಯ ಬಲದಿಂದ ಏನನ್ನೂ ತೀರ್ಮಾನಿಸಲಾಗದು. ನಮ್ಮನ್ನು ನಡೆಸುವುದು ಬುದ್ಧಿಯಲ್ಲ, ರೂಢಿ. ರೊಟ್ಟಿಯ ಉದಾಹರಣೆ ಹ್ಯೂಮ್‌ನದೇ, ನಾನು ಊಟಕ್ಕಾಗಿ ಸೇರಿಸಿದ್ದಲ್ಲ.

ಇದನ್ನು ಹೇಳುವಾಗ ಕನ್ನಡ ಒಂದು ವಿಚಿತ್ರ ಉಪಕಾರ ಮಾಡಿತು. ಭಾರತೀಯ ತರ್ಕದ ನ್ಯಾಯಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ತಿಳಿಯುವ ಕ್ರಮಕ್ಕೆ "ಅನುಮಾನ" ಎನ್ನುತ್ತಾರೆ. ಮನೆಮಾತಿನಲ್ಲಿ "ಅನುಮಾನ" ಎಂದರೆ ಸಂಶಯ. ಅದೇ ಅವಧಿಯಲ್ಲಿ ಪದವಿಯ ಭಾರತೀಯ ದರ್ಶನಗಳ ಪತ್ರಿಕೆಗೂ ಓದುತ್ತಿದ್ದ ಹುಡುಗಿ, "ಹ್ಯೂಮ್‌ಗೆ ಅನುಮಾನದ ಮೇಲೇ ಅನುಮಾನ" ಎಂದು ನಕ್ಕಳು. ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಆ ಭಾಗ ಇಷ್ಟು ಚಿಕ್ಕದಾಗಿ ಹಿಡಿದಿಲ್ಲ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ವ್ಯಾಪ್ತಿಯನ್ನು ತಿಳಿಯುವುದು ಹೇಗೆ ಎಂದು, ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕರು ಕೇಳಿದ ಪ್ರಶ್ನೆಯೂ ಇದರ ನೆರೆಯದ್ದೇ. ಆದರೆ ಚಾರ್ವಾಕರು ಅನುಮಾನವನ್ನು ಪ್ರಮಾಣ, ಅಂದರೆ ನಂಬಬಹುದಾದ ತಿಳಿವಿನ ದಾರಿ, ಅಲ್ಲವೆಂದು ತಳ್ಳಿಹಾಕುವಲ್ಲಿ, ಹ್ಯೂಮ್ ಅದನ್ನು ಬಿಟ್ಟು ಮನುಷ್ಯ ಒಂದು ದಿನವೂ ಬದುಕಲಾರ ಎಂಬುದರ ಮೇಲೆ ಹೆಚ್ಚು ಒತ್ತು ಕೊಡುತ್ತಾನೆ.

ಕಾಂಟ್ ಬಗ್ಗೆ ಹೆಚ್ಚು ಹೇಳುವ ಅರ್ಹತೆ ನನಗಿಲ್ಲ. 1781ರ ಮಹಾಗ್ರಂಥವನ್ನು ಜನರು ಅರ್ಥಮಾಡಿಕೊಳ್ಳಲಿಲ್ಲವೆಂದು ಅವನೇ 1783ರಲ್ಲಿ ಬರೆದ "ಪ್ರೊಲೆಗೊಮೆನಾ" ಚಿಕ್ಕದು, ಆದರೆ ಸುಲಭವಲ್ಲ. ಏಳು ಕೂಡಿಸು ಐದು ಹನ್ನೆರಡು ಎಂಬುದು ಬರಿಯ ಪದವಿಶ್ಲೇಷಣೆಯಿಂದ ಬರುವುದಿಲ್ಲ ಎನ್ನುವಲ್ಲೇ ನಾವು ಸಿಕ್ಕಿಕೊಂಡೆವು. 1785ರ ನೀತಿಕೃತಿಯಲ್ಲಿ ಒಂದು ಉದಾಹರಣೆ ಮಾತ್ರ ಊಟದ ಪರೀಕ್ಷೆಯಲ್ಲಿ ಚೆನ್ನಾಗಿ ಗೆದ್ದಿತು: ತೀರಿಸಲಾಗದೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಕೈಸಾಲ ತರುವುದು ಎಲ್ಲರ ನಿಯಮವಾದರೆ, ಕೊಟ್ಟ ಮಾತನ್ನು ಯಾರೂ ನಂಬದಂತಾಗಿ, ಹಾಗೆ ಸಾಲ ತರುವ ದಾರಿಯೇ ಮುಚ್ಚಿಹೋಗುತ್ತದೆ. ಅಣ್ಣನಿಗೆ ಇದು ಬಹಳ ಹಿಡಿಸಿತು. ಅವನು ಸಾಲ ಕೊಟ್ಟು ಕಳೆದುಕೊಂಡವನು. ಅದರಾಚೆಯ ಪುಟಗಳನ್ನು ಪಾರಿಭಾಷಿಕ ಪದಗಳಿಲ್ಲದೆ ಹೇಳಲು ಇಬ್ಬರಿಂದಲೂ ಆಗಲಿಲ್ಲ.

ಆದ್ದರಿಂದ ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಕೇಳುವವರ ಸ್ಥಿತಿಯನ್ನು ನೋಡಿಕೊಂಡು ಬದಲಾಗುತ್ತದೆ. ಗಟ್ಟಿಯಾಗಿ ಓದಿ ವಾದಿಸಲು ಇನ್ನೊಬ್ಬರಿದ್ದರೆ ಪ್ಲೇಟೋವಿನ ಚಿಕ್ಕ ಸಂವಾದಗಳಿಗೆ ಸಾಟಿಯಿಲ್ಲ. ಒಬ್ಬರೇ ಇದ್ದು ಆರು ಸಂಜೆ ಬಿಡುವಿದ್ದರೆ ಡೆಕಾರ್ಟ್, ಮೂರನೆಯದರಲ್ಲಿ ಎಡವುವ ಸಿದ್ಧತೆಯೊಂದಿಗೆ. ಒಂದೇ ಒಂದು ವಾದವನ್ನು ಜೀವನಪೂರ್ತಿ ಜೊತೆಗಿಟ್ಟುಕೊಳ್ಳಬೇಕೆಂದರೆ ಹ್ಯೂಮ್‌ನ ನಾಲ್ಕನೆಯ ಭಾಗ. ಪರೀಕ್ಷೆಯ ಅಂಕಗಳಿಗೆ ಇವುಗಳಲ್ಲಿ ಯಾವುದೂ ಸಾಲದು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹುಡುಗಿ ಕೊನೆಯ ತಿಂಗಳು ನೋಟ್ಸ್ ಹಿಡಿದೇ ಕೂತಳು. ಅವಳು ಈಗ, ದೇಹವೂ ಆತ್ಮವೂ ಪೂರ್ತಿ ಬೇರೆ ಬೇರೆಯಾಗಿದ್ದರೆ ಆತ್ಮ ದೇಹವನ್ನು ಅಲುಗಾಡಿಸುವುದಾದರೂ ಹೇಗೆ ಎಂದು 1643ರಲ್ಲಿ ಡೆಕಾರ್ಟ್‌ನನ್ನು ಕೇಳಿದ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್‌ಳ ಪತ್ರಗಳನ್ನು ಓದುತ್ತಿದ್ದಾಳೆ. ನಾನು, ತನ್ನನ್ನು ನಿದ್ದೆಯಿಂದ ಎಬ್ಬಿಸಿದವನು ಹ್ಯೂಮ್ ಎಂದು ಕಾಂಟ್ ಬರೆದದ್ದನ್ನು ನೆಚ್ಚಿಕೊಂಡು, ಏಳು ಕೂಡಿಸು ಐದರ ಪುಟಕ್ಕೆ ಎರಡನೆಯ ಸಲ ಹೋಗಿದ್ದೇನೆ.